ಅಂಕಮ್ಮನ ಪಾಲು

ಗೂಡ್ಸ್ ಆಟೊದಿಂದ ಶವಪೆಟ್ಟಿಗೆಯನ್ನು ಅರ್ಧ ಹೊರಗೆ ಎಳೆದಿದ್ದವರು ಹಾಗೇ ಹಿಡಿದುಕೊಂಡು ನಿಂತುಬಿಟ್ಟರು. ಇಳಿಸೋಣವೆಂದರೆ ಜಾಗವಿರಲಿಲ್ಲ. ಮನೆಯ ಮುಂದಿನ ಅಷ್ಟಗಲದ ಅಂಗಳದಲ್ಲಿ ಕೇರಿಯ ಗಂಡಸರು ಹಸಿ ಬಿದಿರು ಹರಡಿಕೊಂಡು ಚಟ್ಟ ಕಟ್ಟುತ್ತಿದ್ದರು. ಪೆಟ್ಟಿಗೆ ತಂದವರು ಮದ್ದೂರಿನ ಕ್ರೈಸ್ತ ಸಭೆಯವರು, ಬಿಳಿ ಅಂಗಿಯವರು. ಯಾರ ಮೇಲೂ ರೇಗಬಾರದೆಂದು ದಾರಿಯಲ್ಲೇ ಮಾತಾಡಿಕೊಂಡು ಬಂದವರಂತಿದ್ದರು. ಚಟ್ಟ ಕಟ್ಟುತ್ತಿದ್ದವರಿಗೆ ಅಂಥ ಕಟ್ಟುಪಾಡೇನೂ ಇರಲಿಲ್ಲ.

"ಸತ್ತಿರೋನು ಒಬ್ನೇ ಕಣ್ರಪ್ಪ," ಅಂದಳು ಪಕ್ಕದ ಮನೆಯ ಹೊಂಬಾಳಮ್ಮ, ಎರಡೂ ಕಡೆಯವರಿಗೆ ಕೇಳುವಂತೆ. "ಎಲ್ಡೆಲ್ಡು ಮಾಡ್ಕೊಂಡು ಕುಂತವ್ರೆ."

ಸತ್ತವನು ಮರಿಸಿದ್ದಯ್ಯ. ಜಗಲಿಯ ಮೇಲೆ ಚಾಪೆಯಲ್ಲಿ ಮಲಗಿದ್ದ. ಹಲಗೂರು ಸುತ್ತಿನ ಆಲೆಮನೆಗಳಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತುಂಬಿ ತುಂಬಿ ಮುಖ ಯಾವಾಗಲೂ ಕೆಂಡದ ಮುಂದೆ ಇದ್ದಂತೆಯೇ ಕಾಣುತ್ತಿದ್ದ ಮನುಷ್ಯ. ಈಗ ಆ ಮುಖ ತಣ್ಣಗಿತ್ತು. ಬಾಯಿ ತೆರೆದುಕೊಳ್ಳಬಾರದೆಂದು ಗಲ್ಲದ ಕೆಳಗಿನಿಂದ ನೆತ್ತಿಯವರೆಗೆ ಒಂದು ಬಟ್ಟೆ ಕಟ್ಟಿತ್ತು. ತಲೆಯ ಹತ್ತಿರ ಹೆಂಡತಿ ಅಂಕಮ್ಮ ಕೂತಿದ್ದಳು. ಬೆಳಗಿನಿಂದ ಅವಳು ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು.

ಪಾಸ್ಟರ್ ಸಮುವೇಲ್ ಜಗಲಿಯ ಒಂದು ತುದಿಯಲ್ಲಿ ನಿಂತು, ಬಹಳ ಮೆತ್ತಗೆ, ವಿಭೂತಿ ತಮಟೆ ಎಡೆ ಯಾವುದೂ ಆಗಲಾರದು, ಅವರು ಕರ್ತನ ಮಗು ಎಂದು ಹೇಳಿದರು. ಕೇರಿಯ ಯಜಮಾನ ಪುಟ್ಟಮಾದಯ್ಯ ಇನ್ನೊಂದು ತುದಿಯಲ್ಲಿ ನಿಂತು, ಅಷ್ಟು ಮೆತ್ತಗಲ್ಲದೆ, ಈ ಕೇರಿಯ ಮಸಣಕ್ಕೆ ಪೆಟ್ಟಿಗೆಯಲ್ಲಿ ಹೋದವರಿಲ್ಲ, ತಮಟೆಯಿಲ್ಲದೆ ಹೋದವರೂ ಇಲ್ಲ ಎಂದ. ಬೇಡವೆಂದರೆ ಮದ್ದೂರಿಗೆ ಎತ್ತಿಕೊಂಡು ಹೋಗಲಿ, ಆಟೊ ಹೇಗೂ ನಿಂತಿದೆಯಲ್ಲ ಎಂದೂ ಸೇರಿಸಿದ. ಅದಿರಲಿ, ಹೆಗಲು ಕೊಡುವ ಮಾತೇ ಇನ್ನೂ ತೀರ್ಮಾನವಾಗಿರಲಿಲ್ಲ. ಮರಿಸಿದ್ದಯ್ಯನಿಗೆ ಗಂಡುಮಕ್ಕಳಿಲ್ಲ. ಮುಂದೆ ನಿಲ್ಲಬೇಕಾದವನು ಅವನ ಅಣ್ಣ ಕೆಂಪಸಿದ್ದಯ್ಯ. ಎದುರು ಮನೆಯವನೇ. ಅವನ ಬಾಗಿಲು ಬೆಳಗಿನಿಂದ ಮುಚ್ಚಿತ್ತು. ಅವನು ಬರದೆ ಕೇರಿಯವರು ಯಾರೂ ಹೆಗಲು ಕೊಡುವಂತಿರಲಿಲ್ಲ.

ಎಲ್ಲರೂ ಒಬ್ಬೊಬ್ಬರಾಗಿ ಬಂದು ಅಂಕಮ್ಮನನ್ನು ಕೇಳಿದರು. ಅವರೇನಾದರೂ ಹೇಳಿದ್ದರಾ? ಹೇಗೆ ಮಣ್ಣು ಮಾಡಬೇಕು ಅಂತ? ಕೊಪ್ಪದಿಂದ ಬಂದಿದ್ದ ಮಗಳು ದೀಪಿಕ ಕೂಡ ಅಮ್ಮನ ಕಿವಿಯಲ್ಲಿ ಅದನ್ನೇ ಕೇಳಿದಳು.

"ದಿನಾ ಬೆಳಿಗ್ಗೆದ್ದು ಒಂದೊಂದು ಮಾತು ಯೋಳ್ತಿದ್ದ ಕಣವ್ವ ಈವಯ್ಯ," ಅಂದಳು ಅಂಕಮ್ಮ. ಗಂಡನ ಮುಖವನ್ನೇ ನೋಡುತ್ತ ಹೇಳಿದಳು, ಅವನಿಗೇ ಹೇಳುವಂತೆ. "ವರ್ಸೆಲ್ಲ ಯೋಳ್ದ. ಈ ದಿನಕ್ಕೆ ಅಂತ ಒಂದ್ ಮಾತು ಯೋಳಿ ಓಗ್ನಿಲ್ಲ."

*

ಆ ಮಾತು ಮೊದಲು ರೇಡಿಯೊದಲ್ಲಿ ಬರುತ್ತಿತ್ತು, ಆಮೇಲೆ ದೀಪಿಕ ಕೊಡಿಸಿದ ಫೋನಿನಲ್ಲಿ. ಪಾಸ್ಟರು ಸಭೆಯವರಿಗೆಲ್ಲ ಬೆಳಬೆಳಗ್ಗೆ ತಮ್ಮ ದನಿಯಲ್ಲಿ ಆ ದಿನದ ಧ್ಯಾನ, ಬೈಬಲಿನ ಒಂದು ಮಾತು, ಹೇಳಿ ಕಳಿಸುತ್ತಿದ್ದರು. ಮರಿಸಿದ್ದಯ್ಯ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಫೋನನ್ನು ಕಿವಿಗೊತ್ತಿಕೊಂಡು ಕೇಳಿ, ಅದನ್ನೇ ತನ್ನ ಮಾತಿನಲ್ಲಿ ಹೆಂಡತಿಗೆ ಒಪ್ಪಿಸುತ್ತಿದ್ದ. ಅಂಕಮ್ಮ ಹಿಟ್ಟು ತೊಳಸುತ್ತ ಹ್ಞೂಂ ಅನ್ನುತ್ತಿರಲಿಲ್ಲ, ಉಹ್ಞೂಂ ಅನ್ನುತ್ತಿರಲಿಲ್ಲ. ಅವಳು ಸಭೆಗೆ ಹೋದವಳಲ್ಲ. ಮಾರಿಗುಡಿಯ ಕಡೆಗೂ ಹೋಗುವುದನ್ನು ಬಿಟ್ಟಿದ್ದಳು.

ಕೇಳಿ ಸುಮ್ಮನಾಗಿದ್ದರೆ ಅವಳದೇನೂ ತಕರಾರಿರಲಿಲ್ಲ. ಬೇರೆಯವರೆಲ್ಲ ಕೇಳಿ ಆಮೆನ್ ಅಂದು ಹಲ್ಲುಜ್ಜಲು ಹೋಗುತ್ತಿದ್ದರು. ಇವನು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದ. ಯೇಸುವನ್ನು ಹಿಂಬಾಲಿಸುವುದು ಅಂದರೆ ಆ ದಿನ ಹೇಳಿದ್ದನ್ನು ಆ ದಿನವೇ ಮಾಡಿ ಮುಗಿಸುವ ಕೂಲಿ ಕೆಲಸ ಅಂತ ಅವನು ತಿಳಿದಂತಿತ್ತು. ಇರುವುದರಲ್ಲಿ ಕೊಡುವ ವಿಷಯ ಬಂದ ದಿನ, ಅವಳು ಮಳವಳ್ಳಿ ಸಂತೆಯಲ್ಲಿ ಚೌಕಾಸಿ ಮಾಡಿ ತಂದಿದ್ದ ಹೊಸ ಕಂಬಳಿ ಹಲಗೂರು ಬಸ್ ಸ್ಟಾಪಿನ ಮುದುಕಿಯ ಮೈಮೇಲೆ ಹೋಯಿತು. ಹಳೆಯದನ್ನು ಕೊಡಬಾರದಿತ್ತಾ ಅಂತ ಕೇಳಿದರೆ, ಹಳೆಯದು ನಮಗೆ ಒಗ್ಗಿದೆಯಲ್ಲ ಅಂದ. ದಾರಿಯಲ್ಲಿ ಬಿದ್ದವನ ವಿಷಯ ಬಂದ ದಿನ, ಕುಡಿದು ಬಿದ್ದಿದ್ದ ಯಾವನನ್ನೋ ಎಬ್ಬಿಸಿ ಬೆಳಕವಾಡಿಯವರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋದ. ಅಲ್ಲಿ ಅವನ ಹೆಂಡತಿ ಬಾಗಿಲು ತೆಗೆಯಲಿಲ್ಲ. ಪುಣ್ಯಾತ್ಮ ಅವನನ್ನು ತಿರುಗಿ ತನ್ನ ಮನೆಗೇ ಕರೆತಂದ. ಆ ಕುಡುಕ ಅಂಕಮ್ಮನ ಅಡುಗೆಮನೆಯ ಗೋಡೆಗೆ ಒರಗಿ ವಾಂತಿ ಮಾಡಿದ, ಮುದ್ದೆ ಉಂಡ, ಮತ್ತೆ ವಾಂತಿ ಮಾಡಿದ.

"ನಿಮ್ ಯೇಸುಗೆ ಎಂಡ್ತಿ ಇತ್ತಾ?" ಅಂತ ಅವಳು ನೆಲ ತೊಳೆಯುತ್ತ ಕೇಳಿದ್ದಳು.

"ಇರ್ನಿಲ್ಲ."

"ಅದ್ಕೇ ಮತ್ತೆ."

ಅವನು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ತಾನೇ ನೆಲ ಒರೆಸಿದ. ಅದು ಅವಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಜಗಳಕ್ಕೂ ಸಿಕ್ಕದ ಗಂಡಸಿನ ಜೊತೆ ಬಾಳುವುದೆಂದರೆ, ಹಿಡಿಯಿಲ್ಲದ ಪಾತ್ರೆಯನ್ನು ಒಲೆಯಿಂದ ಇಳಿಸಿದ ಹಾಗೆ ಅಂತ ಅವಳು ಹೊಂಬಾಳಮ್ಮನ ಹತ್ತಿರ ಹೇಳಿಕೊಂಡಿದ್ದಳು.

*

ಬಿಸಿಲು ಜಗಲಿಯ ಅಂಚಿಗೆ ಬಂತು. ಪೆಟ್ಟಿಗೆಯನ್ನು ಕೊನೆಗೆ ಹೊಂಬಾಳಮ್ಮನ ಹಿತ್ತಿಲಿನ ಹುಲ್ಲಿನ ಮೇಲೆ ಇಳಿಸಿದರು. ಅವಳ ಎಮ್ಮೆ ಅದನ್ನು ಮೂಸಿ ನೋಡಿತು.

ಪಾಸ್ಟರು ಅಂಕಮ್ಮನ ಪಕ್ಕ ಬಂದು ಕೂತರು. ಪೆಟ್ಟಿಗೆಯ ಮಾತೇ ಎತ್ತುತ್ತಾರೆಂದು ಅವಳು ತಯಾರಾಗಿದ್ದಳು. ಅವರು ಎತ್ತಲಿಲ್ಲ. ಮರಿಸಿದ್ದಯ್ಯ ಪ್ರತಿ ಸಂಜೆ ತಮಗೆ ಫೋನು ಮಾಡುತ್ತಿದ್ದ ವಿಷಯ ಹೇಳಿದರು. ಧ್ಯಾನದಲ್ಲಿ ಹೇಳಿದ್ದನ್ನು ಮಾಡಿದೆ ಅನ್ನುತ್ತಿದ್ದನಂತೆ. ಮಾಡಲಾಗದಿದ್ದರೆ, ಆಗಲಿಲ್ಲ, ನಾಳೆ ಮಾಡುತ್ತೇನೆ ಅನ್ನುತ್ತಿದ್ದನಂತೆ.

"ಆಮೇಲೆ ಕೇಳೋರು, 'ಅಯ್ನೋರೆ, ನೀವು ಮಾಡುದ್ರಾ?' ಅಂತ. ಕುಹಕ ಇಲ್ಲ ಅಮ್ಮ. ನಿಜವಾಗ್ಲೂ ಕೇಳೋರು." ಪಾಸ್ಟರು ತಮ್ಮ ಅಂಗೈ ನೋಡಿಕೊಂಡರು. "ಏನು ಹೇಳ್ಲಿ? ಆಮೇಲಾಮೇಲೆ ನಾನು ಸುಲಭದ್ದೇ ಕಳಿಸೋಕೆ ಶುರು ಮಾಡ್ದೆ. ಸಂತೋಷವಾಗಿರಿ, ಸ್ತುತಿ ಮಾಡಿ, ಇಂಥವು."

"ಅದ್ಕೇನಾ ಈಚೀಚೆಗೆ ಮನೇಲಿ ಸಾಮಾನು ಉಳ್ಕೊಂಡಿದ್ದು," ಅಂದಳು ಅಂಕಮ್ಮ.

ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು.

ಕೆಂಪಸಿದ್ದಯ್ಯ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಬಂದ. ಕೈಯಲ್ಲೊಂದು ಹಿತ್ತಾಳೆಯ ಚೊಂಬು. ಬಿದಿರು ಕಟ್ಟುತ್ತಿದ್ದವರು ಎದ್ದು ದಾರಿ ಬಿಟ್ಟರು. ತಮಟೆಯವರು ತಮಟೆಗಳನ್ನು ಕಾಯಿಸಲು ಬೆಂಕಿಯ ಹತ್ತಿರಕ್ಕೆ ಒಯ್ದರು. ಯಜಮಾನ ಪುಟ್ಟಮಾದಯ್ಯ ಗಂಟಲು ಸರಿಮಾಡಿಕೊಂಡು, ಅಣ್ಣನೇ ಬಂದನಲ್ಲ, ಇನ್ನು ಅವನು ಹೇಳಿದ ಹಾಗೆ ಆಗಲಿ ಎಂದ. ಸಭೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೆಂಪಸಿದ್ದಯ್ಯ ಜಗಲಿಯ ಕೆಳಗೆ ನಿಂತ. ಹತ್ತಲಿಲ್ಲ.

"ಪೆಟ್ಗೇಲಿ ಬೇಕಾದ್ರೆ ಪೆಟ್ಗೇಲೆ ಎತ್ಕೊಳಿ," ಅಂದ. ದನಿ ಯಾರಿಗೂ ನಿರೀಕ್ಷೆಯಿಲ್ಲದಷ್ಟು ಸಣ್ಣಗಿತ್ತು. "ತಮಟೆ ಬ್ಯಾಡ ಅಂದ್ರೆ ಬ್ಯಾಡ. ನನ್ ಮಗ, ನಾನು, ಇಬ್ರೂ ಎಗಲು ಕೊಡ್ತೀವಿ. ಬಾಯಿಗೊಂದ್ ತೊಟ್ಟು ನೀರು ಬುಡಾಕೆ ಬುಡಿ. ಅಷ್ಟೆಯ."

ಪಾಸ್ಟರು ಎದ್ದು ನಿಂತಿದ್ದರು. ಇದೂ ಶಾಸ್ತ್ರವೇ, ಇದನ್ನೂ ಒಪ್ಪಬಾರದು ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಪಾಸ್ಟರು ಒಮ್ಮೆ ಮಲಗಿದ್ದವನ ಮುಖ ನೋಡಿ, ತಮ್ಮದೇನೂ ಅಡ್ಡಿಯಿಲ್ಲ ಎಂದು ಹಿಂದಕ್ಕೆ ಸರಿದರು.

ಬೆಳಗಿನಿಂದ ಕಗ್ಗಂಟಾಗಿದ್ದದ್ದು ಅಷ್ಟು ಬೇಗ ಬಿಚ್ಚಿಕೊಂಡಿತಲ್ಲ ಎಂದು ಎಲ್ಲರಿಗೂ ಹಾಯೆನಿಸಿತು. ಕೆಂಪಸಿದ್ದಯ್ಯ ಮೆಟ್ಟಿಲಿಗೆ ಕಾಲಿಟ್ಟ.

"ಅಲ್ಲೇ ನಿಂತ್ಕೊ," ಅಂದಳು ಅಂಕಮ್ಮ.

*

ದೀಪಿಕ ಇನ್ನೂ ಅಂಬೆಗಾಲಿಡುತ್ತಿದ್ದಾಗ ಅವಳಿಗೆ ಕಾಮಾಲೆಯಾಗಿ ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಪಕ್ಕದ ಮಂಚದ ಹೆಂಗಸೊಬ್ಬಳು ಮಗುವಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ದಳು. ಮರಿಸಿದ್ದಯ್ಯ ಆ ದಾರಿಗೆ ಹೋದದ್ದು ಅಲ್ಲಿಂದ. ಆ ವರ್ಷದ ಮಾರಿಹಬ್ಬಕ್ಕೆ ಅವನು ತಮಟೆ ಮುಟ್ಟಲಿಲ್ಲ. ಅಪ್ಪನ ಕಾಲದಿಂದ ಅಣ್ಣತಮ್ಮಂದಿರಿಬ್ಬರೂ ಜೊತೆಗೆ ಬಾರಿಸಿದ್ದು. ಕೆಂಪಸಿದ್ದಯ್ಯ ಒಬ್ಬನೇ ಬಾರಿಸಿದ. ಹಬ್ಬ ಮುಗಿದ ಮರುದಿನ, ಇಬ್ಬರ ಪಾಲಿಗೂ ಒಂದೇ ಆಗಿದ್ದ ಬೋರ್‌ವೆಲ್ಲಿನಿಂದ ತಮ್ಮನ ಮನೆಗೆ ಬರುತ್ತಿದ್ದ ಪೈಪನ್ನು ಕುಡುಗೋಲಿನಿಂದ ಕೊಯ್ದುಹಾಕಿದ.

ಸುಡುಬೇಸಿಗೆ. ಕೇರಿಯ ನಲ್ಲಿ ಒಣಗಿತ್ತು. ಅಂಕಮ್ಮ ಹಳ್ಳದ ಒರತೆಯಿಂದ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ತಂದಳು. ಆಗ ಅವಳಿಗೆ ದಿನ ತುಂಬುತ್ತ ಬಂದಿತ್ತು. ಏರಿಯ ಮೇಲೆ ಜಾರಿದಳು. ಹುಟ್ಟಿದ್ದು ಗಂಡು, ಅಳಲಿಲ್ಲ.

ಪೈಪು ಕೊಯ್ದವನನ್ನು ಪೊಲೀಸಿಗೆ ಕೊಡು ಅಂದಳು, ಕೊಡಲಿಲ್ಲ. ಹೊಡೆ ಅಂದಳು, ಹೊಡೆಯಲಿಲ್ಲ. ಕೆಲವು ತಿಂಗಳಾದ ಮೇಲೆ, ಮುನಿದ ಸೋದರನ ವಿಷಯ ರೇಡಿಯೊದಲ್ಲಿ ಬಂದ ದಿನ, ಮರಿಸಿದ್ದಯ್ಯ ಚಪ್ಪಲಿ ಮೆಟ್ಟಿಕೊಂಡು ಎದುರು ಮನೆಗೆ ಹೋಗಿ ಜಗಲಿಯ ಮೇಲೆ ಕೂತ. ಅಣ್ಣ ಮಾತಾಡಿಸಲಿಲ್ಲ. ಅತ್ತಿಗೆ ಪಾತ್ರೆ ತೊಳೆದ ನೀರನ್ನು ಅವನ ಕಾಲ ಹತ್ತಿರ ಎರಚಿದಳು. ಕತ್ತಲಾದ ಮೇಲೆ ಎದ್ದು ಬಂದ. ಮರುದಿನ ಸಂಜೆ ಮತ್ತೆ ಹೋದ. ಆಮೇಲೆ ಆಲೆಮನೆಯ ಕೆಲಸವಿಲ್ಲದ ಸಂಜೆಗಳಲ್ಲೆಲ್ಲ ಹೋಗಿ ಕೂತ, ವರ್ಷಗಟ್ಟಲೆ. ಅಣ್ಣ ಒಳಗೆ, ತಮ್ಮ ಹೊರಗೆ. ಒಂದು ಲೋಟ ನೀರು ಬರಲಿಲ್ಲ, ಒಂದು ಮಾತೂ ಬರಲಿಲ್ಲ. ಕೇರಿಯವರು ಮೊದಮೊದಲು ನಕ್ಕರು. ಆಮೇಲೆ ಅದು ಸಂಜೆ ಕೋಳಿಗಳು ಗೂಡಿಗೆ ಹೋಗುವಷ್ಟು ಮಾಮೂಲಾಯಿತು.

ಅಂಕಮ್ಮನಿಗೆ ಮಾತ್ರ ಅದು ಮಾಮೂಲಾಗಲಿಲ್ಲ. ತನ್ನ ಹೊಟ್ಟೆಯ ಸಂಕಟವನ್ನು ಇವನು ಯಾರನ್ನು ಕೇಳಿ ಕ್ಷಮಿಸಿಬಿಟ್ಟ ಎಂಬುದು ಅವಳ ಸಿಟ್ಟು. ಒಂದು ಸಂಜೆ ಅವನು ಬಂದು ತಟ್ಟೆಯ ಮುಂದೆ ಕೂತಾಗ ಕೇಳಿಯೇಬಿಟ್ಟಳು.

"ಅಲ್ಲಿ ಕುಂತ್ಕೊಂಡು ನನ್ ಮಗೀನ ಇಸ್ಯ ಎತ್ತಿದ್ಯಾ?"

"ಇಲ್ಲ."

"ಯಾಕೆ? ಅದೂ ಕ್ಷಮಿಸಾಯ್ತಾ?"

ಅವನು ಮುದ್ದೆ ಮುರಿಯದೆ ಕೂತಿದ್ದ. "ನನ್ ಪಾಲಿಂದ ನಾನು ಬುಟ್ಟಿವ್ನಿ, ಅಂಕಿ," ಅಂದ. "ನಿನ್ ಪಾಲಿಂದು ನಿನ್ ತಾವೇ ಅದೆ. ಅದ್ನ ನಾನೆಂಗೆ ಎತ್ಲಿ?"

ಆಮೇಲೆ ಆ ಮನೆಯಲ್ಲಿ ಅದರ ಮಾತು ಬರಲಿಲ್ಲ.

*

ಕೆಂಪಸಿದ್ದಯ್ಯ ಮೆಟ್ಟಿಲ ಮೇಲಿಟ್ಟ ಕಾಲನ್ನು ಕೆಳಗಿಳಿಸಿದ.

"ಕುಡಿಯಾಕೆ ಬಾಯಿದ್ದಾಗ ನೀರು ಕೊಯ್ದೆ," ಅಂದಳು ಅಂಕಮ್ಮ. ಕೂಗಲಿಲ್ಲ. ಬೆಳಗಿನಿಂದ ಕೂಗಿದ್ದವಳ ದನಿ ಈಗ ಇಳಿದಿತ್ತು. "ಈಗ ಬಾಯಿಗೆ ಬುಡಾಕೆ ಬಂದಿದ್ದೀಯ. ಆ ಬೇಸ್ಗೇಲಿ ನನ್ ಒಟ್ಟೇಲಿ ಒಂದು ಮಗ ಇತ್ತು. ಗೊತ್ತಾ ನಿಂಗೆ?"

ದೀಪಿಕ ಅಮ್ಮನ ಭುಜ ಮುಟ್ಟಿದಳು. ಅಂಕಮ್ಮ ಕೊಡವಿದಳು. ಅವನು ಗೊತ್ತಿಲ್ಲ ಅನ್ನಲಿ ಎಂದು ಅವಳು ಕಾದಳು. ಹಾಗಂದರೆ ಚೊಂಬು ಕಿತ್ತು ಬೀದಿಗೆ ಎಸೆಯುವುದು, ಅಷ್ಟೆ. ಅದಕ್ಕೆ ಅವಳ ಕೈ ತಯಾರಾಗಿತ್ತು.

"ಗೊತ್ತು ಕಣವ್ವ," ಅಂದ ಕೆಂಪಸಿದ್ದಯ್ಯ.

ಅವನು ಮಲಗಿದ್ದ ತಮ್ಮನ ಕಡೆ ನೋಡಿದ.

"ಇವ್ನು ಬಂದು ಕುಂತ್ಕೊಂಡಾಗೆಲ್ಲ ಇವತ್ತು ಅದ್ನ ಕೇಳ್ತಾನೆ ಅಂತ ಒಳಗೆ ಕಾಯ್ತಿದ್ದೆ. ಕೇಳುದ್ರೆ ಎದ್ದು ಬಂದು ಕಾಲಿಡ್ಕೊಂಡ್ಬುಡಾನ ಅಂತ. ಕೇಳ್ನಿಲ್ಲ. ಒಂದಿನಾನೂ ಕೇಳ್ನಿಲ್ಲ. ನಾನಾಗಿ ಯೋಳಾಕೆ ನಂಗೆ ನಾಲ್ಗೆ ಬರ್ನಿಲ್ಲ."

ಅಂಕಮ್ಮ ಗಂಡನ ಕಡೆ ತಿರುಗಿದಳು. ಅಷ್ಟು ವರ್ಷ ಅವನು ಬಾಯಿಬಿಡದೆ ಕೂತದ್ದು ಅವಳ ಮಾತನ್ನು ಅವಳಿಗೇ ಉಳಿಸಿಡಲು. ಆ ಮೌನದ ಆಚೆ ಬದಿಯಲ್ಲಿ ಇನ್ನೊಬ್ಬ ಅದಕ್ಕಾಗಿಯೇ ಕಾದು ಕೂತಿದ್ದ. ಒಂದು ಮಾತು ಹೇಳಬಾರದಿತ್ತೇನೋ ನಿಂಗೆ, ಎಂದು ಅವಳಿಗೆ ಅವನನ್ನು ಹಿಡಿದು ಅಲುಗಿಸಬೇಕೆನ್ನಿಸಿತು. ಅವನು ಕಣ್ಣು ಮುಚ್ಚಿ ಮಲಗಿದ್ದ, ಆ ದಿನದ ಕೆಲಸ ಮುಗಿಸಿ ಬಂದವನ ಹಾಗೆ.

ಬೆಂಕಿಯ ಹತ್ತಿರ ತಮಟೆಯೊಂದು ಕಾದು ತಾನಾಗಿಯೇ ಟಿಂಗ್ ಎಂದಿತು. ಪುಟ್ಟಮಾದಯ್ಯ ಹೊತ್ತು ನೋಡಿದ. ಏನನ್ನೋ ಹೇಳಲು ಹೊರಟವನ ತೋಳನ್ನು ಪಾಸ್ಟರು ಹಿಡಿದು ನಿಲ್ಲಿಸಿದರು.

ಅಂಕಮ್ಮ ಮುಂದಕ್ಕೆ ಬಾಗಿ ಗಂಡನ ನೆತ್ತಿಯ ಮೇಲಿನ ಗಂಟಿಗೆ ಉಗುರು ಹಾಕಿದಳು. ಬೆಳಿಗ್ಗೆ ತಾನೇ ಬಿಗಿದದ್ದು. ಸುಲಭಕ್ಕೆ ಬರಲಿಲ್ಲ. ಹಲ್ಲು ಕಚ್ಚಿ, ಸಣ್ಣಗೆ ಬೈಯುತ್ತ, ಎಳೆ ಎಳೆಯಾಗಿ ಸಡಿಲಿಸಿ ಬಟ್ಟೆ ತೆಗೆದಳು. ತುಟಿಗಳು ಸ್ವಲ್ಪವೇ ಬಿಟ್ಟುಕೊಂಡವು. ಎಡಗೈಯನ್ನು ಅವನ ಕುತ್ತಿಗೆಯ ಕೆಳಗೆ ತೂರಿಸಿ ತಲೆ ಎತ್ತಿ ಹಿಡಿದು, ಮೆಟ್ಟಿಲಿನ ಕಡೆ ನೋಡದೆ ತುಸು ಪಕ್ಕಕ್ಕೆ ಸರಿದು ಕೂತಳು.

ಕೆಂಪಸಿದ್ದಯ್ಯ ಹತ್ತಿ ಬಂದು ಆ ಜಾಗದಲ್ಲಿ ಮಂಡಿಯೂರಿದ. ಚೊಂಬು ಬಗ್ಗಿಸಿದ. ನೀರು ತುಟಿ ತಪ್ಪಿ ಮೂಗಿನ ಹತ್ತಿರ ಬಿತ್ತು.

"ನಿದಾನಕ್ಕೆ ಬುಡಿ ಬಾವ," ಅಂದಳು ಅಂಕಮ್ಮ. "ಮೂಗಿಗೆ ಓಯ್ತದೆ."

ಅವನು ಎರಡೂ ಕೈಯಲ್ಲಿ ಚೊಂಬು ಹಿಡಿದ. ನೀರು ಬಾಯಿ ತುಂಬಿ, ಒಳಗಿಳಿಯದೆ, ಕೆನ್ನೆ ದಾಟಿ ಅವಳ ಅಂಗೈಗೆ ಬಂತು. ಅಲ್ಲಿಂದ ಬಳೆಗಳ ಕೆಳಗೆ ಹಾದು ಮೊಣಕೈಯವರೆಗೆ ಇಳಿಯಿತು. ಅವಳು ಕೈ ತೆಗೆಯಲಿಲ್ಲ.