ಚಹಾದ ಹೊತ್ತಿನಲ್ಲಿ ಹೇಳಿದ್ದು

“ಎರಡನೇ ಕುಣಿಯಾಗೂ ನೀರ ಎದ್ದೈತ್ರಿ, ವೈನಿ.”

ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದ ಗುರುಬಸಪ್ಪ ಹೊಸ್ತಿಲ ಆಚೆಯೇ ನಿಂತು ಹೇಳಿದ. ಒಳಗೆ, ಪಡಸಾಲೆಯ ಗೋಡೆಗೆ ಆನಿಸಿ ಅವನ ಅಣ್ಣ ಗುರುಸಿದ್ಧಪ್ಪನನ್ನು ಕೂಡಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು, ಕೊರಳಿಗೆ ಚೆಂಡುಹೂವಿನ ಹಾರ. ಪಕ್ಕದಲ್ಲಿ ಹೆಂಡತಿ ಬಾಳವ್ವ ಗೋಡೆಗೆ ತಲೆ ಹಚ್ಚಿ ಕೂತಿದ್ದಳು. ಮೈದುನನ ಮಾತಿಗೆ ತಲೆ ಎತ್ತಿ ನೋಡಿದಳು.

ಅದು ಮಿರಜಿನಲ್ಲಿರುವ ಮಗಳು ದೀಪಾಲಿಯ ಮನೆ. ಸಾಂಗ್ಲಿಯ ಸ್ವಂತ ಮನೆಗೆ ಕೃಷ್ಣೆಯ ನೀರು ನುಗ್ಗಿದ್ದರಿಂದ ಗಂಡ ಹೆಂಡತಿ ಒಂದು ಚೀಲ ಬಟ್ಟೆ ಹಿಡಿದು ಇಲ್ಲಿಗೆ ಬಂದಿದ್ದರು. ಬಂದ ಎರಡನೇ ದಿನ ಗುರುಸಿದ್ಧಪ್ಪನಿಗೆ ಎದೆ ಹಿಡಿಯಿತು. ದವಾಖಾನೆಗೆ ಒಯ್ದರು, ಈ ದಿನ ನಸುಕಿನಲ್ಲಿ ಹೆಣವಾಗಿ ತಂದರು. ಅವರ ಮನೆತನದಲ್ಲಿ ಸತ್ತವರನ್ನು ಸುಡುವ ರೂಢಿಯಿಲ್ಲ. ಕೂತ ಭಂಗಿಯಲ್ಲೇ ಮಣ್ಣಿಗಿಡುತ್ತಾರೆ. ಸಾಂಗ್ಲಿಯ ರುದ್ರಭೂಮಿ ಆಳುದ್ದ ನೀರಿನಲ್ಲಿ ಮುಳುಗಿತ್ತು. ಮಿರಜಿನ ಎತ್ತರದ ಸ್ಮಶಾನದಲ್ಲಿ ಬೆಳಗಿನಿಂದ ತೋಡುತ್ತಿದ್ದರು. ಎದೆಯ ಮಟ್ಟ ಇಳಿಯುವುದರೊಳಗೆ ಕೆಳಗಿನಿಂದ ನೀರು ಒಸರುತ್ತಿತ್ತು.

“ಇನ್ನೊಂದ ಕಡೆ ತೋಡಿ ನೋಡೂಣು?” ಎಂದ ಅಳಿಯ ಓಂಪ್ರಕಾಶ.

“ಎಲ್ಲಿ ತೋಡಿದ್ರೂ ಅದ. ಭೂಮಿ ಹೊಟ್ಟಿ ತುಂಬೈತಿ,” ಎಂದ ಗುರುಬಸಪ್ಪ.

ಮೂಲೆಯಲ್ಲಿ ಕೂತಿದ್ದ ಜಯಕುಮಾರ ಗಂಟಲು ಸರಿಮಾಡಿಕೊಂಡ. ಸಾಂಗ್ಲಿಯ ಪೇಟೆಯಲ್ಲಿ ಗುರುಸಿದ್ಧಪ್ಪನ ಪಕ್ಕದ ಅಂಗಡಿ ಅವನದು, ಜೈನರ ಪೈಕಿ. “ವೈನಿ, ಸಿಟ್ಟಾಗಬ್ಯಾಡ್ರಿ. ಗುರುಸಿದ್ಧಪ್ಪಣ್ಣ ನನ್ನ ಮುಂದ ಒಂದ ಸಲ ಅಂದಿದ್ದ. ಸತ್ತ ಮ್ಯಾಲ ನನ್ನ ಮೈ ಡಾಕ್ಟರಕಿ ಕಲಿಯೋ ಹುಡುಗರಿಗೆ ಕೊಡ್ರಿ, ಒಳಗ ಏನೇನ ಐತಿ ಅವರಾದ್ರೂ ನೋಡ್ಲಿ ಅಂತ.”

“ಏನ ಮಾತಾಡ್ತೀರಿ?” ಗುರುಬಸಪ್ಪ ಸಿಡಿದ. “ನಂಗ ಹೇಳಿದ್ದ ಬ್ಯಾರೆ. ಅಪ್ಪನ ಬಲಕ್ಕ ನನ್ನ ಕೂಡಸು, ಎಡಕ್ಕ ಕಾಕಾ ಅದಾನ, ಅಂವಾ ಭಾಳ ಗೊರಕಿ ಹೊಡೀತಾನ ಅಂದಿದ್ದ.”

ಯಾರೋ ನಕ್ಕು, ನಗಬಾರದೆಂದು ಕೆಮ್ಮಿದರು.

ದೀಪಾಲಿ ಅಡುಗೆಮನೆಯ ಬಾಗಿಲಿಂದ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿದಳು: “ಕಾಕಾ, ಕೊರೊನಾದಾಗ ಅಪ್ಪಾ ಫೋನ್ ಮಾಡಿ ನಂಗ ಅಂದಿದ್ರು, ಸುಡೂದು ಬರೋಬರ ಐತಿ. ಮಂಜೆ ಅಂದ್ರ, ಸತ್ತವರಿಗೇ ಎಲ್ಲಾ ಜಾಗಾ ಕೊಟ್ರ ಬದುಕಿದವರು ಎಲ್ಲಿ ಕುಂದ್ರಬೇಕು ಅಂತ.”

“ನನ್ನ ಮುಂದ ಅಂದದ್ದು ಮತ್ತೊಂದು,” ಎಂದರು ಕ್ರಿಯೆಗೆಂದು ಬಂದ ಅಯ್ಯನವರು, ಸಂಕೋಚದಿಂದ. “ಬೇವಿನ ಗಿಡದ ಬುಡಕ್ಕ ಇಡ್ರಿ, ಗೊಬ್ಬರ ಆಗ್ತೇನಿ ಅಂದಿದ್ರು. ನಗಿಚಾಟಿಕಿ ಅಂತ ಬಿಟ್ಟೆ.”

ಹೊರಗೆ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಜೀವಮಾನವಿಡೀ ಎಲ್ಲದರ ಬಗ್ಗೆಯೂ ಮಾತಾಡಿದವನು ಈ ಒಂದು ವಿಷಯದ ಬಗ್ಗೆಯೂ ಮನಸ್ಸಿಗೆ ಬಂದಷ್ಟು ಸಲ, ಬಂದಷ್ಟು ಬಗೆಯಲ್ಲಿ ಮಾತಾಡಿ ಹೋಗಿದ್ದ.

ಗುರುಬಸಪ್ಪ ಅತ್ತಿಗೆಯ ಕಡೆ ತಿರುಗಿದ. “ವೈನಿ, ನಿಮ್ಮ ಮುಂದ ಏನ ಅಂದಾನ? ನೀವು ಹೇಳಿದ್ಹಂಗ ಮಾಡೂಣು.”

*

ಗುರುಸಿದ್ಧಪ್ಪ ಗೋಣಿಚೀಲ, ಹಗ್ಗ, ತಾಡಪತ್ರಿ ಮಾರುತ್ತಿದ್ದ. ಗಿರಾಕಿ ಇಲ್ಲದಾಗ ಅಂಗಡಿಯ ಗೋಣಿಚೀಲದ ಒಟ್ಟಿಲಿನ ಮೇಲೆ ಕೂತು ಓದುತ್ತಿದ್ದ. ಮರಾಠಿ ಪೇಪರು, ಒಂದು ದಿನ ಹಳತಾಗಿ ಬರುವ ಕನ್ನಡ ಪೇಪರು, ಶೇಂಗಾ ಕಟ್ಟಿಕೊಟ್ಟ ಹಾಳೆ, ಏನಾದರೂ ಆದೀತು. ಓದಿದ್ದನ್ನೆಲ್ಲ ಮರುದಿನ ಮುಂಜಾನೆ ಚಹಾ ಕುಡಿಯುವಾಗ ಬಾಳವ್ವನ ಮುಂದೆ ಬಿಚ್ಚದಿದ್ದರೆ ಅವನಿಗೆ ದಿನ ಶುರುವಾಗುತ್ತಿರಲಿಲ್ಲ.

“ಕೇಳಿದೇನ ಬಾಳವ್ವ? ಮರಾಠಿ ಮಂದಿ ತೂಪ ಅಂತಾರಲ್ಲ, ಅದು ನಮ್ಮ ತುಪ್ಪನ. ಹಾಲು ಮೊಸರಿನ ತನಕ ಅವರ ಮಾತ ಅವರ ಕಡೆ ಇದ್ದುವು. ತುಪ್ಪಾ ಕಾಸೂ ಹೊತ್ತಿಗೆ ನಮ್ಮ ಮನಿ ಬಾಗಲಾ ಬಡದ್ರು.”

“ಹೂಂ,” ಎನ್ನುತ್ತಿದ್ದಳು ಬಾಳವ್ವ, ಮೆಂತೆ ಸೊಪ್ಪು ಸೋಸುತ್ತ.

“ರಣಹದ್ದು ಯಾಕ ಕಾಣವಲ್ವು ಗೊತ್ತೇನ? ದನಕ್ಕ ನೋವಿನ ಔಷಧ ಕೊಟ್ರು. ಆ ದನಾ ಸತ್ತಾಗ ಹದ್ದು ತಿಂದು, ಅವೂ ಸತ್ತು. ದನದ ನೋವು ಕಳಿಯಾಕ ಹೋಗಿ ಆಕಾಶನ ಖಾಲಿ ಮಾಡಿದ್ರು ನೋಡು.”

“ಹೂಂ.”

“ಪೇಟ್ಯಾಗ ಮಂದಿ ನನ್ನ ನೋಡಿ, ನಿಮ್ಮ ಆಲಮಟ್ಟಿಯಿಂದ ನಮ್ಮೂರಿಗೆ ಮಹಾಪೂರ ಬರ್ತೈತಿ ಅಂತಾರ. ವಿಜಾಪುರಕ್ಕ ಮದವಿಗೆ ಹೋದ್ರ ಅಲ್ಲಿ ಬೀಗರು, ನಿಮ್ಮ ಕೊಯ್ನಾದವರು ಹೇಳದ ಕೇಳದ ನೀರ ಬಿಡ್ತಾರ ಅಂತಾರ. ಎರಡೂ ಡ್ಯಾಮ್ ನಾನ ಕಟ್ಟಿಸೇನೇನೋ ಅನಸ್ತೈತಿ.”

ಒಂದೊಂದು ಸಲ ಒಂದೇ ಶಬ್ದ ಹಿಡಿದು ಕೂಡುತ್ತಿದ್ದ. “ಹೂಳು ಅನ್ನೂ ಮಾತ ನೋಡು. ನದಿ ತಂದ ಹಾಕಿದ ಕೆಸರಿಗೂ ಹೂಳು, ಹೆಣಾ ಮಣ್ಣಾಗ ಇಡೂದಕ್ಕೂ ಹೂಳು. ಹಿಂದಿನವರು ಮಾತಿಗೆ ಬಡವರಾಗಿದ್ರೋ ಏನ ಬೇಕಂತಲೇ ಒಂದ ಇಟ್ರೋ?”

ಬಾಳವ್ವ ಅದಕ್ಕೆ ಏನೆಂದಿದ್ದಳು? ಅದೂ ಹೂಂ ಇರಬೇಕು. ಆಕೆಗೆ ಬೇಸರವೇನೂ ಇರಲಿಲ್ಲ. ನಳದಲ್ಲಿ ನೀರು ಬಿದ್ದ ಸಪ್ಪಳದ ಹಾಗೆ ಆ ದನಿ ಮನೆಯೊಳಗೆ ಇರುತ್ತಿತ್ತು. ಅದರ ಅಡಿಯಲ್ಲಿ ಆಕೆ ತನ್ನ ಕೆಲಸ ಮಾಡಿಕೊಳ್ಳುತ್ತಿದ್ದಳು.

ಮಾವಿನಕಾಯಿ ಕಾಲದ ಒಂದು ಮುಂಜಾನೆ. ಆಕೆ ಉಪ್ಪಿನಕಾಯಿಗೆಂದು ಹೋಳು ಮಾಡುತ್ತಿದ್ದಳು. ಅವನು ಬಶಿಯಲ್ಲಿ ಚಹಾ ಸುರುವಿಕೊಂಡು, “ಬಾಳವ್ವ, ನಾ ಸತ್ತ ಮ್ಯಾಲ…” ಎಂದು ಶುರು ಮಾಡಿದ್ದ. ಅಷ್ಟರಲ್ಲಿ ಕುಕ್ಕರು ಶಿಟ್ಟಿ ಹೊಡೆಯಿತು. ಆಕೆ ಎದ್ದು ಹೋಗಿ ಬೆಂಕಿ ಸಣ್ಣ ಮಾಡಿ ಬಂದಳು. ಬರುವಷ್ಟರಲ್ಲಿ ಅವನು ಅರಿಷಿಣದ ದರಕ್ಕೆ ಬಂದಿದ್ದ. ಬಿಟ್ಟ ಮಾತನ್ನು ಆಕೆ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮೊನ್ನೆ ದವಾಖಾನೆಯ ಹಾಸಿಗೆಯ ಮೇಲೆ, ಮೂಗಿಗೆ ನಳಿಗೆ ಹಾಕಿದ್ದಾಗಲೂ ಅವನ ಮಾತು ನಿಂತಿರಲಿಲ್ಲ. “ಸಮುದ್ರದಾಗ ಎಂಟ ಕಾಲಿನ ಒಂದ ಪ್ರಾಣಿ ಇರ್ತೈತಿ, ಅದಕ್ಕ ಮೂರು ಹೃದಯ ಅಂತ. ನಮಗ ಮಾತ್ರ ಒಂದ ಕೊಟ್ಟು ಕೈ ಜಾಡಿಸ್ಯಾನ ಶಿವಾ.” ನರ್ಸು ಮಾತಾಡಬೇಡಿರೆಂದು ಗದರಿದಳು. ಬಾಳವ್ವನೂ ಗದರಿದಳು. ಅವನು ಬಾಯಿ ಮುಚ್ಚಿದ. ಆಮೇಲೆ ಅದು ತೆರೆಯಲಿಲ್ಲ.

*

“ನಾ ಹೋಗಿ ನೋಡ್ತೇನಿ,” ಎಂದಳು ಬಾಳವ್ವ.

“ಏನ ನೋಡ್ತೀ ಅವ್ವಾ?”

“ಕುಣಿ.”

ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿಯಿಲ್ಲವೆಂದು ಯಾರೋ ಗೊಣಗಿದರು. ಅಯ್ಯನವರು, “ಹೋಗ್ಲಿ ಬಿಡ್ರಿ. ಭೂಮೀನ ಜಾಗಾ ಕೊಡವಲ್ದು, ನಾವು ಯಾವ ಪದ್ಧತಿ ಹಿಡದು ಕುಂದ್ರೂದು?” ಎಂದರು. ಓಂಪ್ರಕಾಶ ಗಾಡಿ ತೆಗೆದ. ಗುರುಬಸಪ್ಪ ಮುಂದೆ ಕೂತ.

ಸ್ಮಶಾನದ ಒಂದು ಬದಿಗೆ ಸುಡುವ ಕಟ್ಟೆ, ಮೇಲೆ ತಗಡಿನ ಸೂರು. ಇನ್ನೊಂದು ಬದಿಗೆ ಹೂಳುವ ಜಾಗ. ಅಲ್ಲಿ ಇಬ್ಬರು ಆಳುಗಳು ತಾಡಪತ್ರಿ ಹೊದ್ದು ಕುಣಿಯ ದಂಡೆಯಲ್ಲಿ ನಿಂತಿದ್ದರು. ಬಾಳವ್ವ ಬಗ್ಗಿ ನೋಡಿದಳು. ಕಪ್ಪು ಮಣ್ಣಿನ ಗೋಡೆಗಳು, ತಳದಲ್ಲಿ ಕಂದು ನೀರು. ಒಬ್ಬ ಇಳಿದು ಬಕೆಟ್ಟಿನಿಂದ ಎತ್ತಿ ಎತ್ತಿ ಹೊರಗೆ ಚೆಲ್ಲಿದ. ತಳ ಕಂಡಿತು. ನೋಡನೋಡುತ್ತ ನಾಲ್ಕೂ ಮೂಲೆಯಿಂದ ನೀರು ಬೆವರಿನಂತೆ ಮೂಡಿ ಕೂಡಿಕೊಂಡು ಅವನ ಮೀನಖಂಡ ಮುಚ್ಚಿತು.

“ಉಸುಕಿನ ಚೀಲಾ ಹಾಕಿ, ಮ್ಯಾಲ ಕೂಡಸಿ, ಲಗೂನ ಮಣ್ಣ ಎಳಿಯೂಣ್ರಿ,” ಎಂದ ಗುರುಬಸಪ್ಪ. “ನಡಾದ ಮಟಾ ನೀರ ಬಂದ್ರ ಬರ್ಲಿ. ನಮ್ಮ ಮನ್ಯಾಗ ಇವತ್ತಿನ ತನಕ ಯಾರನ್ನೂ ಸುಟ್ಟಿಲ್ಲ, ವೈನಿ. ಅಣ್ಣನ್ನ ನಾ ಸುಡಾಂಗಿಲ್ಲ.”

ಬಾಳವ್ವ ನೀರನ್ನೇ ನೋಡುತ್ತಿದ್ದಳು.

*

ಎರಡು ಸಾವಿರದ ಹತ್ತೊಂಬತ್ತರ ಮಹಾಪೂರದಲ್ಲಿ ಗಲ್ಲಿಯ ಮಂದಿಯೆಲ್ಲ ಮಾಳಿಗೆ ಏರಿದ್ದರು. ಗುರುಸಿದ್ಧಪ್ಪ ಆಗ ರಾಜನಾಗಿದ್ದ. ಯಾವ ಡ್ಯಾಮಿನಿಂದ ನೀರು ಬಿಟ್ಟರೆ ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟುತ್ತದೆ, ಹರಿಪುರದಲ್ಲಿ ವಾರಣಾ ಬಂದು ಕೂಡಿದಾಗ ಕೃಷ್ಣೆ ಯಾಕೆ ಹಿಂದಕ್ಕೆ ಸರಿಯುತ್ತಾಳೆ ಎಂದು ಮಾಳಿಗೆಯಿಂದ ಮಾಳಿಗೆಗೆ ಕೂಗಿ ಹೇಳುತ್ತಿದ್ದ. ಹೆದರಿದ ಮಕ್ಕಳೂ ಕೇಳುತ್ತಿದ್ದವು.

ಆಮೇಲೆ ಬೋಟು ಬಂತು. ಕೆಳಗೆ ಇಳಿದು ಕಾಲಿಟ್ಟದ್ದೇ ಅದು ಹೊಯ್ದಾಡಿತು. ಗುರುಸಿದ್ಧಪ್ಪ ಕುಸಿದು ಕೂತು ಬಾಳವ್ವನ ಮುಂಗೈ ಹಿಡಿದ. ಅವನಿಗೆ ಈಜು ಬರುತ್ತಿರಲಿಲ್ಲ. ನದಿಯ ಬಗ್ಗೆ ಅಷ್ಟು ಮಾತಾಡುವವನು ಒಮ್ಮೆಯೂ ಅದರಲ್ಲಿ ಇಳಿದಿರಲಿಲ್ಲವೆಂಬುದು ಆಕೆಗೆ ಆಗ ಹೊಳೆಯಿತು. ಮುಳುಗಿದ ಅಂಗಡಿಗಳ ಬೋರ್ಡುಗಳ ನಡುವೆ, ತೇಲುವ ಸಿಲಿಂಡರುಗಳ ನಡುವೆ ಬೋಟು ಹೋಗುತ್ತಿತ್ತು. ಅವನು ಕಣ್ಣು ಮುಚ್ಚಿದ್ದ. ಒಂದು ಮಾತಿಲ್ಲ. ಅವನ ಉಗುರು ಆಕೆಯ ತೊಗಲಿನಲ್ಲಿ ಇಳಿದು ರಕ್ತ ಬಂತು. ಆಕೆ ಕೈ ಬಿಡಿಸಿಕೊಳ್ಳಲಿಲ್ಲ. ಒಣ ನೆಲಕ್ಕೆ ಇಳಿದಾಗಲೂ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಮರುದಿನ ನಿರಾಶ್ರಿತರಿದ್ದ ಸಾಲೆಯ ಪಡಸಾಲೆಯಲ್ಲಿ ಚಹಾ ಸಿಕ್ಕಿತು. “ಕೇಳಿದೇನ?” ಎಂದ. “ಕೆಲವು ಇರಿವಿ ಇರ್ತಾವಂತ, ಪೂರ ಬಂದ್ರ ಒಂದನ್ನೊಂದು ಹಿಡಕೊಂಡು ತೆಪ್ಪಾ ಆಗಿ ತೇಲ್ತಾವಂತ.” ಬೋಟಿನ ಸುದ್ದಿ ಅವನು ಎತ್ತಲಿಲ್ಲ. ಮುಂಗೈಗೆ ಅರಿಷಿಣ ಹಚ್ಚಿಕೊಂಡು ಕೂತಿದ್ದ ಆಕೆಯೂ ಎತ್ತಲಿಲ್ಲ.

*

“ಸುಡ್ರಿ,” ಎಂದಳು ಬಾಳವ್ವ.

ಗುರುಬಸಪ್ಪ ಬಕೆಟ್ಟು ಹಿಡಿದವನ ಕಡೆಯಿಂದ ಆಕೆಯ ಕಡೆ ತಿರುಗಿದ. “ಏನಂದ್ರಿ?”

“ಸುಡ್ರಿ ಅಂದಿದ್ರು ಅವರು. ನನ್ನ ಮುಂದ.”

“ಯಾವಾಗ ಅಂದ?”

“ಮುಂಜಾನಿ. ಚಹಾ ಕುಡಿಯೂವಾಗ.”

ಗುರುಬಸಪ್ಪ ಬಹಳ ಹೊತ್ತು ಆಕೆಯ ಮುಖ ನೋಡಿದ. ಬಾಳವ್ವ ಕಣ್ಣು ತೆಗೆಯಲಿಲ್ಲ. ಆ ಚಹಾದ ಹೊತ್ತಿಗೆ ಇನ್ನೊಬ್ಬ ಸಾಕ್ಷಿ ಯಾವತ್ತೂ ಇರಲಿಲ್ಲ.

“ಖರೇ ಅಂದಾನ?”

“ಖರೇ.”

“ಹಂಗಾದ್ರ ನೀವ ಸುಡ್ರಿ,” ಎಂದ ಗುರುಬಸಪ್ಪ. “ನಾ ನೋಡಾಂಗಿಲ್ಲ.” ಮಳೆಯಲ್ಲೇ ಗೇಟು ದಾಟಿ ನಡೆದುಬಿಟ್ಟ.

ಹೇಳಿದಷ್ಟು ಸುಲಭವಾಗಿ ಅದು ಆಗಲಿಲ್ಲ. ನಸುಕಿನಲ್ಲೇ ಕೂಡಿಸಿದ್ದರಿಂದ ಹೆಣ ಕೂತ ಹಾಗೆಯೇ ಸೆಟೆದಿತ್ತು. ಹಾಗೆಯೇ ಒಂದು ಖುರ್ಚಿಯ ಮೇಲಿಟ್ಟು ಹೊತ್ತು ತಂದಾಗ ಸ್ಮಶಾನದವನು, ಕೂತ ಮನುಷ್ಯನನ್ನು ಹೇಗೆ ಸುಡುವುದು ಎಂದು ಮರಾಠಿಯಲ್ಲಿ ಗಾಬರಿಯಾಗಿ ಕೇಳಿದ. ಒಬ್ಬರು ಕಾಲು ನೀಡಿಸಿ ನೋಡೋಣವೆಂದು ಕೈ ಹಾಕಿದರು. ದೀಪಾಲಿ ಚೀರಿದಳು. ಕಡೆಗೆ ಜಯಕುಮಾರನೇ ಮುಂದೆ ನಿಂತು, ಸುತ್ತಲೂ ಕಟ್ಟಿಗೆಯನ್ನು ಗೂಡಿನಂತೆ ಕಟ್ಟಿಸಿದ. ಕಟ್ಟಿಗೆ ಹಸಿಯಿತ್ತು. ಎರಡು ಸಲ ಹತ್ತಿದ್ದು ಆರಿತು. ಓಂಪ್ರಕಾಶ ಎಲ್ಲಿಂದಲೋ ಡೀಸೆಲ್ ತಂದ. ಅಯ್ಯನವರು ಬಾಯಿಗೆ ಬಂದ ಮಂತ್ರ ಹೇಳಿದರು. ಸುಡುವುದಕ್ಕೆ ಯಾವ ಮಂತ್ರವೆಂದು ಅವರಿಗೂ ಗೊತ್ತಿರಲಿಲ್ಲ.

ಮೂರನೇ ಸಲ ದೀಪಾಲಿ ಕೊಳ್ಳಿ ಇಟ್ಟಾಗ ಹತ್ತಿತು. ಮೊದಲು ದಟ್ಟ ಹೊಗೆ, ಆಮೇಲೆ ಉರಿ. ಸೂರಿನ ಕೆಳಗೆ ಎಲ್ಲರೂ ಕಣ್ಣು ಒರೆಸಿಕೊಂಡರು. ಗೂಡಿನ ಸಂದಿಯಿಂದ ಒಂದು ಕ್ಷಣ ಬಿಳಿ ರುಮಾಲು ಕಂಡು ಮಾಯವಾಯಿತು.

ಬಾಳವ್ವ ಎದ್ದು ಹೊರಗೆ ಬಂದಳು.

ಗೇಟಿನ ಆಚೆ ಕೊಡೆಯಿಲ್ಲದೆ ಗುರುಬಸಪ್ಪ ನಿಂತಿದ್ದ. ಎದೆಗೆ ಒಂದು ಅರಿವೆಯ ಗಂಟು ಅವಚಿಕೊಂಡಿದ್ದ. ಅಣ್ಣನ ಸುತ್ತ ಕುಣಿಯಲ್ಲಿ ಇಡಬೇಕೆಂದು ಪೇಟೆಯೆಲ್ಲ ಅಲೆದು ತಂದ ವಿಭೂತಿ ಗಟ್ಟಿಗಳು.

“ಇವನ್ನ ಏನ ಮಾಡ್ಲಿ, ವೈನಿ?” ಎಂದ.

ಬಾಳವ್ವ ಸೆರಗಿನ ತುದಿ ಎಳೆದು ಗಂಟಿನ ಮೇಲೆ ಹಿಡಿದಳು. ಸೆರಗು ಆಗಲೇ ತೊಯ್ದಿತ್ತು. ಗಂಟಿನ ಅಡಿಯಿಂದ ಹಾಲಿನಂಥ ನೀರು ಜಿನುಗಿ, ಅವನ ಧೋತರದ ಗುಂಟ ಇಳಿದು, ಇಬ್ಬರ ಕಾಲ ಬುಡದ ಕೆಸರಿನಲ್ಲಿ ಬಿಳಿಯ ಗೆರೆಗಳಾಗಿ ಹರಿದು ಹೋಗುತ್ತಿತ್ತು.