ಆಮೆ ಹೇಳಿದ ಸಾಕ್ಷಿ

ಹೊಸ ಪಂಪಿನ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಮೈದುನ ಗೇಟು ತೆಗೆದಾಗ ಅತ್ತಿಗೆ ಆಗಲೇ ವ್ಯಾನಿನ ಸ್ಟಿಯರಿಂಗ್ ಮುಂದೆ ಕೂತಿದ್ದಳು. ಬಾಗಿಲು ಹಾಕಿಕೊಂಡಿದ್ದಳು. ಎಲ್ಲಿಗೋ ಹೊರಟವಳ ಹಾಗೆ ಕಾಣುತ್ತಿದ್ದಳು, ಆದರೆ ಕೀಲಿ ಮಾತ್ರ ಮಡಿಲಲ್ಲಿತ್ತು.

ಅದು ಹಳೆಯ ಕ್ಯಾಂಪರ್ ವ್ಯಾನು. ಹಿಂದುಗಡೆ ಇಬ್ಬರು ಮಲಗುವಷ್ಟು ಹಾಸಿಗೆ, ಪುಟ್ಟ ಒಲೆ, ಮಡಚುವ ಮೇಜು. ಮನೆಯನ್ನು ಬೆನ್ನ ಮೇಲೆ ಹೊತ್ತು ನಿಧಾನವಾಗಿ ಹೋಗುತ್ತದೆಂದು ಅಣ್ಣ ಅದಕ್ಕೆ ಆಮೆ ಎಂದು ಹೆಸರಿಟ್ಟಿದ್ದ. ಅವನು ತೀರಿಕೊಂಡ ಮೇಲೆ ಅದು ಅಂಗಳದ ಗೋಡೆಯ ಪಕ್ಕ ನಿಂತೇ ಇತ್ತು. ನಾಳೆ ಬೆಳಿಗ್ಗೆ ಅದನ್ನು ಕೊಂಡವರು ಬಂದು ಒಯ್ಯುವವರಿದ್ದರು. ಪಂಪು ಹೊಸದಾಗಿದ್ದರೆ ಮಾತ್ರ ಎಂದಿದ್ದರು.

"ಇಳೀರಿ ಅತ್ತಿಗೆ. ಮೊದಲು ಬ್ಯಾಟರಿ ತಂತಿ ಬಿಚ್ಚಬೇಕು."

"ಈಗಲೇ ಬಿಚ್ಚಬೇಡ."

"ಬಿಚ್ಚದೆ ಪೆಟ್ರೋಲ್ ಟ್ಯಾಂಕಿಗೆ ಕೈ ಹಾಕಿದ್ರೆ ನಾನೂ ಅಣ್ಣನ ಹಿಂದೆನೇ ಹೋಗ್ತೀನಿ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಅವಳು ಬೇಸರಪಟ್ಟುಕೊಳ್ಳಲಿಲ್ಲ. "ಹೋಗೋದಕ್ಕೆ ಅಷ್ಟೇನು ಅವಸರ? ಅದಕ್ಕೆ ಮುಂಚೆ ಒಂದು ಕೆಲಸ ಇದೆ. ಹಳೇ ಪಂಪು ಹೊರಗೆ ಬಂತು ಅಂದ್ರೆ ಆಮೇಲೆ ಅದನ್ನ ತಿಳ್ಕೊಳ್ಳೋಕೆ ಆಗಲ್ಲ."

ಯಾವುದನ್ನು ಎಂದು ಅವನು ಕೇಳಬೇಕಾಗಿರಲಿಲ್ಲ.

ಪಂಪು ಕೈಕೊಡಲು ಶುರುಮಾಡಿ ವರ್ಷಗಳೇ ಆಗಿದ್ದವು. ಅದು ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲಿ ಮುಳುಗಿ ಕೂತ ಪುಟ್ಟ ಮೋಟರು. ಕೀಲಿ ತಿರುವಿದರೆ ಹಿಂದಿನಿಂದ ಗುಂಯ್ ಎಂಬ ದನಿ ಬರಬೇಕು, ಆಮೇಲೆ ಎಂಜಿನ್ನು ಹತ್ತಬೇಕು. ಕೆಲವು ಸಲ ದನಿಯೇ ಬರುತ್ತಿರಲಿಲ್ಲ. ಆಗ ಅಣ್ಣ ಗಾಡಿಯ ಕೆಳಗೆ ತೂರಿ ಟ್ಯಾಂಕಿನ ತಳಕ್ಕೆ ತಟ್ಟುತ್ತಿದ್ದ. ತಟ್ಟಿದ ಸದ್ದು ಕೇಳಿದ ಕೂಡಲೇ ಅತ್ತಿಗೆ ಕೀಲಿ ತಿರುವುತ್ತಿದ್ದಳು, ನಿದ್ದೆಯಿಂದ ಎಬ್ಬಿಸಿದಂತೆ ಮೋಟರು ಏಳುತ್ತಿತ್ತು. ಇಬ್ಬರ ನಡುವೆ ಮಾತು ಬೇಕಿರಲಿಲ್ಲ. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಇದೊಂದು ನಡೆಯುತ್ತಿತ್ತು. ಎಷ್ಟೋ ಜಗಳಗಳು ಹಾಗೇ ಮುಗಿದಿದ್ದವು. ಹೊಸ ಪಂಪು ಹಾಕಿಸು ಎಂದರೆ ಅಣ್ಣ, "ತಟ್ಟಿದ್ರೆ ಏಳೋ ಮಗೂನ ಯಾರಾದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರಾ?" ಎನ್ನುತ್ತಿದ್ದ.

ಕಳೆದ ವರ್ಷ ಒಂದು ಮಧ್ಯಾಹ್ನ, ಊರಾಚೆಯ ರಸ್ತೆಬದಿಯಲ್ಲಿ, ಅಣ್ಣ ಹಾಗೇ ಗಾಡಿಯ ಕೆಳಗೆ ಹೋದ. ತಟ್ಟಿದ ಸದ್ದು ಬಂತು. ಅತ್ತಿಗೆ ಕೀಲಿ ತಿರುವಿದಳು. ಎಂಜಿನ್ನು ಹತ್ತಿತು. ಅವನು ಬರಲಿಲ್ಲ. ಕೈ ತೊಳೆಯುತ್ತಿರಬೇಕು ಎಂದುಕೊಂಡಳು. ಕನ್ನಡಕ ಒರೆಸಿಕೊಂಡಳು. ಹೊತ್ತಾಯಿತೆಂದು ಕೂಗಿದಳು. ಕೊನೆಗೆ ಸಿಟ್ಟು ಬಂದು ಹಾರ್ನ್ ಒತ್ತಿದಳು. ಇಳಿದು ನೋಡಿದಾಗ ಮೊದಲು ಕಂಡದ್ದು ಅವನ ಚಪ್ಪಲಿಯ ಅಡಿ.

ಹೃದಯ ಒಂದೇ ಕ್ಷಣದಲ್ಲಿ ನಿಂತಿದೆ, ಅವರಿಗೆ ಗೊತ್ತೂ ಆಗಿರುವುದಿಲ್ಲ ಎಂದರು ಡಾಕ್ಟರು. ಆ ಕ್ಷಣ ತಟ್ಟುವುದಕ್ಕೆ ಮುಂಚೆಯೋ ಆಮೇಲೋ ಎಂದು ಅತ್ತಿಗೆ ಕೇಳಿದಾಗ ಅವರು ತಮ್ಮ ಪೆನ್ನಿನ ಮುಚ್ಚಳ ನೋಡುತ್ತ ಕೂತರು.

ಈಗಲೂ ಅವಳು ಅದನ್ನೇ ಕೇಳಿದಳು, ಗಾಜಿನ ಆಚೆ ಗೋಡೆಯನ್ನು ನೋಡುತ್ತ. "ಅವರು ತಟ್ಟಿದ್ದು ಗಾಡಿ ಹತ್ತಲಿ ಅಂತಾನಾ, ನಾನು ಇಳಿದು ಬರಲಿ ಅಂತಾನಾ? ಅಷ್ಟು ಗೊತ್ತಾದ್ರೆ ಸಾಕು. ಯಾವುದಾದ್ರೂ ಪರವಾಗಿಲ್ಲ. ನಾಳೆ ಗಾಡಿ ಹೋದ್ಮೇಲೆ ಯಾರನ್ನ ಕೇಳಲಿ?"

ಮೈದುನ ಹೊಲಿಗೆ ಮೆಷಿನ್ ರಿಪೇರಿಯವನು. ಕೆಟ್ಟದ್ದರ ಮುಂದೆ ಕೂತು, ಕೆಟ್ಟದ್ದು ಎಲ್ಲಿ ಎಂದು, ಸರಿಯಿದ್ದುದನ್ನು ಒಂದೊಂದಾಗಿ ಬಿಡುತ್ತ ಹೋಗುವುದೇ ಅವನ ಬದುಕು. ಆ ಅಭ್ಯಾಸದಿಂದಲೇ ಅವನಿಗೆ ಹೊಳೆಯಿತು.

"ನೋಡಿ ಅತ್ತಿಗೆ. ಟ್ಯಾಂಕಿಗೆ ತಟ್ಟಿದ್ರೆ ಪಂಪು ಅಲುಗಾಡುತ್ತೆ. ಬೇರೆಲ್ಲಿ ತಟ್ಟಿದ್ರೂ ಅದಕ್ಕೆ ತಾಗಲ್ಲ. ನೋವಾಗಿ ಕರೆಯೋನು ಟ್ಯಾಂಕು ಹುಡುಕ್ಕೊಂಡು ಹೋಗ್ತಾನಾ? ಕೈಗೆ ಸಿಕ್ಕಿದ ಕಡೆ ಬಡೀತಾನೆ. ಅವತ್ತು ಗಾಡಿ ಹತ್ತಿತು ತಾನೆ?"

"ಹತ್ತಿತು."

"ಹಾಗಾದ್ರೆ ಪರೀಕ್ಷೆ ಮಾಡೋಣ. ಟ್ಯಾಂಕಿಗೆ ತಟ್ಟಿದ್ರೆ ಮಾತ್ರ ಹತ್ತುತ್ತೆ ಅಂತಾದ್ರೆ, ಅಣ್ಣ ತಟ್ಟಿದ್ದು ಟ್ಯಾಂಕಿಗೇ. ಕೆಲಸಕ್ಕೇ."

ಅವಳು ಮೊದಲ ಸಲ ಅವನ ಕಡೆ ತಿರುಗಿದಳು. "ಅಂದ್ರೆ ಆಮೇನೇ ಸಾಕ್ಷಿ."

"ಇನ್ಯಾರಿದ್ದಾರೆ?"

ನಿನ್ನೆಯೇ ಚಾರ್ಜು ಮಾಡಿ ಜೋಡಿಸಿದ್ದ ಬ್ಯಾಟರಿಯ ತಂತಿ ಬಿಗಿಯಿದೆಯೋ ನೋಡಿದ. ಚಕ್ರಗಳಿಗೆ ಕಲ್ಲು ಕೊಟ್ಟ. ಗೇರು ಬಿಡಿಸಿದೆಯೋ ನೋಡಿದ. ಮರದ ಕೊಡತಿ ಹಿಡಿದು ಅಂಗಾತ ಮಲಗಿ ಕೆಳಗೆ ಸರಿದ. ಗೋಡೆಯ ಮೇಲೆ ಪಕ್ಕದ ಮನೆಯ ಅಜ್ಜನ ತಲೆ ಮೂಡಿತು. ರೈಲು ಓಡಿಸಿ ನಿವೃತ್ತನಾದವನು; ಎಲ್ಲರ ಬಾಯಲ್ಲೂ ರೈಲಜ್ಜ.

"ಏನೋ ದರ್ಜಿಗಳ ಡಾಕ್ಟರೇ, ಅದಕ್ಕೆ ಪಂಪು ಹಾಕ್ತೀಯೋ, ಕಾಜಾ ಗುಂಡಿ ಹಾಕ್ತೀಯೋ?"

"ಮೊದಲು ಅಳತೆ ತಗೋತಿದೀನಿ ಅಜ್ಜ."

"ತಗೋ ತಗೋ. ಸೊಂಟ ದಪ್ಪ ಇದೆ, ನೋಡ್ಕೊಂಡು ಹೊಲಿ." ಅಜ್ಜ ಗೋಡೆಗೆ ಮೊಣಕೈ ಊರಿ ನಿಂತ. ಅವನಿಗೆ ಬೇರೆ ಕೆಲಸವಿರಲಿಲ್ಲ.

ಕೆಳಗಿನಿಂದ ಲೋಕ ಬೇರೆ. ತುಕ್ಕಿನ ವಾಸನೆ, ಒಣಗಿದ ಕೆಸರು, ಎರಡು ಚಕ್ರಗಳ ನಡುವೆ ಸೀಳಿನಷ್ಟು ಬೆಳಕು. ಟ್ಯಾಂಕಿನ ತಳದಲ್ಲಿ ಒಂದು ಜಾಗ ಮಾತ್ರ ಬಣ್ಣ ಹೋಗಿ ನುಣ್ಣಗೆ ಹೊಳೆಯುತ್ತಿತ್ತು, ತಗ್ಗಾಗಿತ್ತು. ಅಣ್ಣನ ಕೈ ಬೀಳುತ್ತಿದ್ದ ಜಾಗ.

ಮೊದಲು ತಟ್ಟದೆ ನೋಡಿದರು. ಸ್ಟಾರ್ಟರ್ ಕರಕರ ತಿರುಗಿತು; ಹಿಂದೆ ಗುಂಯ್ ಎನ್ನಲಿಲ್ಲ. ಚಾಸಿಯ ಕಬ್ಬಿಣಕ್ಕೆ ತಟ್ಟಿದ. ಟಣ್ ಎಂದಿತು, ಹತ್ತಲಿಲ್ಲ. ನೆಲದ ತಗಡಿಗೆ ತಟ್ಟಿದ, ಇಲ್ಲ. ಕೊನೆಗೆ ಆ ತಗ್ಗಿಗೆ ಕೊಡತಿಯಿಂದ ಕೊಟ್ಟ. ಪೆಟ್ರೋಲು ತುಂಬಿದ ಹೊಟ್ಟೆಯ ಧಬ್ ಎಂಬ ಸದ್ದು. ಗುಂಯ್ ಎಂದಿತು. ಆಮೆ ಮೈ ಕೊಡವಿಕೊಂಡು ಎದ್ದಿತು.

"ಹತ್ತಿತು!" ಅತ್ತಿಗೆ ಕೂಗಿದಳು. ಎಂಜಿನ್ನು ಆರಿಸಿದಳು. ಮೂಗು ಎಳೆದುಕೊಂಡದ್ದು ಕೇಳಿತು. "ಕೆಲಸ ಮಾಡ್ತಾ ಮಾಡ್ತಾನೇ ಹೋದರು ಕಣೋ. ಕರೀಲಿಲ್ಲ ನನ್ನ."

"ಕರೀಲಿಲ್ಲ ಅತ್ತಿಗೆ." ಅವನಿಗೆ ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ತಾನೂ ವರ್ಷವೆಲ್ಲ ಅದನ್ನೇ ಹೊತ್ತಿದ್ದೆನೆಂದು ಆಗಷ್ಟೇ ತಿಳಿಯಿತು.

"ಆದ್ರೆ ಸದ್ದು ಅದಲ್ಲ," ಎಂದಳು ಮೇಲಿನಿಂದ. "ಅವತ್ತು ಇಷ್ಟು ಗಟ್ಟಿ ಇರ್ಲಿಲ್ಲ. ಇನ್ನೊಂದೇ ಸಲ ತಟ್ಟು. ಮೆತ್ತಗೆ."

"ಸರಿ, ತಡೀರಿ."

ಕೊಡತಿ ಕೈಜಾರಿ ಚಕ್ರದ ಕಡೆ ಉರುಳಿತ್ತು. ಅವನು ಮಗ್ಗುಲಾಗಿ ಕೈ ಚಾಚಿದ. ಬೆರಳು ಹಿಡಿಗೆ ಇನ್ನೂ ತಾಗಿರಲಿಲ್ಲ. ತಲೆಯ ಮೇಲೆ ಗುಂಯ್ ಎಂದಿತು, ಎಂಜಿನ್ನು ಹತ್ತಿತು.

"ಇದೇ! ಇದೇ ಸದ್ದು!" ಅತ್ತಿಗೆಯ ದನಿ ಮದುವೆ ಮನೆಯ ದನಿಯಾಗಿತ್ತು. "ಅಂಗೈಯಲ್ಲಿ ತಟ್ಟಿದೆ ಅಲ್ವಾ? ಎರಡು ಸಲ? ಅವತ್ತು ಹೀಗೇ. ಸರಿಯಾಗಿ ಹೀಗೇ!"

ಅವನು ಮಗ್ಗುಲಾಗಿದ್ದವನು ಹಾಗೇ ಉಳಿದ. ಒಂದು ಕೈ ಕೊಡತಿಯ ಕಡೆ ಚಾಚಿತ್ತು. ಇನ್ನೊಂದು ತನ್ನದೇ ಮೈಯ ಅಡಿ ಸಿಕ್ಕಿಕೊಂಡಿತ್ತು. ತಿರುಗಿ ನೋಡಬೇಕೆನಿಸಿತು. ಬೆನ್ನ ಹಿಂದೆ ಇನ್ನೊಬ್ಬರು ಮಲಗುವಷ್ಟು ಜಾಗವಿತ್ತು. ಅವನು ತಿರುಗದೆ, ಚಕ್ರಗಳ ನಡುವಿನ ಬೆಳಕನ್ನೇ ನೋಡುತ್ತ ಹೊರಗೆ ತೆವಳಿದ.

ಅತ್ತಿಗೆ ಎಂಜಿನ್ನು ಆರಿಸಿ ಇಳಿದಿದ್ದಳು. ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದಳು. "ತಡಿ, ಟೀ ಮಾಡ್ತೀನಿ. ಆಮೇಲೆ ಬಿಚ್ಚೋವಂತೆ ನಿನ್ನ ತಂತಿ," ಎಂದು ಒಳಗೆ ಹೋದಳು. ಅವಳು ಹಾಗೆ ಬೀಸಾಗಿ ನಡೆದದ್ದನ್ನು ಅವನು ನೋಡಿ ಬಹಳ ದಿನವಾಗಿತ್ತು.

"ಅಜ್ಜ," ಎಂದ ದನಿ ತಗ್ಗಿಸಿ. "ಈಗ ಗಾಡಿ ಹತ್ರ ಯಾರಾದ್ರೂ ಬಂದಿದ್ರಾ?"

"ಯಾರು ಬರ್ತಾರೆ? ನಾನು ಇಲ್ಲೇ ಇದೀನಿ."

"ನೀವೇನಾದ್ರೂ ತಟ್ಟಿದ್ರಾ?"

"ನನಗೇನು ಗೋಡೆ ಹಾರೋ ವಯಸ್ಸಾ? ಯಾಕೋ, ಮುಖ ಸುಣ್ಣ ಬಳಿದ ಹಾಗಿದೆ?"

"ಹೊಗೆ ಕುಡಿದೆ."

ಅಜ್ಜ ಗೋಡೆಯಿಂದ ಮೆಲ್ಲಗೆ ಇಳಿದು ಹೋದ.

ಅವನು ಬ್ಯಾಟರಿ ತಂತಿ ಬಿಚ್ಚಿದ. ಹಿಂದಿನ ಹಾಸಿಗೆ ಮಡಚಿ, ಹಲಗೆ ಎತ್ತಿ, ಅದರಡಿಯ ತಗಡಿನ ಮುಚ್ಚಳದ ಸ್ಕ್ರೂ ಕಳಚಿದ. ಟ್ಯಾಂಕಿನ ನೆತ್ತಿ ಕಂಡಿತು. ಧೂಳು ಒರೆಸಿ, ಪೈಪುಗಳನ್ನು ಬಟ್ಟೆ ಸುತ್ತಿ ಬಿಡಿಸಿದ. ಪಂಪನ್ನು ಹಿಡಿದ ಉಂಗುರಕ್ಕೆ ಮರದ ತುಂಡು ಕೊಟ್ಟು ತಟ್ಟಿ ತಿರುವಿದ. ಒಂದೊಂದು ಏಟಿಗೂ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದ. ಪ್ರತಿ ಏಟಿನ ನಂತರ ಬರಿಯ ಮೌನವಿತ್ತು. ಆ ಮೌನ ಅವನು ಮುಗಿಸುವುದನ್ನು ಕಾಯುತ್ತಿದ್ದಂತಿತ್ತು.

ಪಂಪು ಪೆಟ್ರೋಲು ಸುರಿಸುತ್ತ ಹೊರಗೆ ಬಂತು. ತಳದ ಜಾಲರಿ ಕಪ್ಪಗಾಗಿತ್ತು. ತುದಿಯ ಮುಚ್ಚಳ ಬಿಚ್ಚಿ ಒಳಗೆ ನೋಡಿದ. ಹೊಲಿಗೆ ಮೆಷಿನ್ನಿನ ಮೋಟರಿನಲ್ಲಿರುವಂಥದೇ, ಕರೆಂಟು ಮುಟ್ಟಿಸುವ ಕಾರ್ಬನ್ನು, ಸವೆದು ಉಗುರಿನಷ್ಟಾಗಿತ್ತು. ಅವನಿಗೆ ಒಡನೆ ಅರ್ಥವಾಯಿತು. ಮೋಟರು ತಿರುಗಿ ನಿಲ್ಲುವಾಗ ಸವೆದ ಕಡೆ ನಿಂತರೆ ಮತ್ತೆ ಏಳುವುದಿಲ್ಲ, ತಟ್ಟಬೇಕು. ಇನ್ನೊಂದು ಕಡೆ ನಿಂತರೆ ಯಾರೂ ತಟ್ಟದೆಯೇ ಏಳುತ್ತದೆ. ಎರಡನೆಯ ಸಲ ಆದದ್ದು ಅದೇ.

ಹಾಗಾದರೆ ಸಾಕ್ಷಿ ಬಿದ್ದುಹೋಯಿತು. ಅವತ್ತೂ ಆಮೆ ತನ್ನಷ್ಟಕ್ಕೆ ತಾನೇ ಹತ್ತಿರಬಹುದು. ಅಣ್ಣ ತಟ್ಟಿದ್ದು ಯಾವುದಕ್ಕೋ, ಯಾಕೋ, ಎಂಜಿನ್ನು ಹೇಳಲಾರದು. ಅತ್ತಿಗೆ ಅವತ್ತು ಕೇಳಿದ್ದು ಇವತ್ತಿನಂಥದೇ ಸದ್ದು. ಇವತ್ತಿನ ಸದ್ದನ್ನು ಮಾಡಿದ ಕೈ ಅವನದಲ್ಲ.

ಅತ್ತಿಗೆ ಟೀ ತಂದು ವ್ಯಾನಿನ ಮೆಟ್ಟಿಲ ಮೇಲೆ ಕೂತಳು. "ಅಂಗೈಯಲ್ಲಿ ತಟ್ಟಬೇಕು ಅಂತ ನಿನಗೆ ಹೇಗೆ ಹೊಳೀತು? ನಾನು ಹೇಳಿರ್ಲಿಲ್ಲ."

ಲೋಟ ಬಿಸಿಯಿತ್ತು. ಅವನು ಅದನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಈಗ ಹೇಳಿಬಿಡಬಹುದಿತ್ತು. ಹೇಳಿದರೆ ಅವಳು ಮತ್ತೆ ಹಾರ್ನಿನ ಮೇಲೆ ಕೈಯಿಟ್ಟು ಕೂತ ಆ ಮಧ್ಯಾಹ್ನಕ್ಕೆ ಹೋಗುತ್ತಾಳೆ, ಇನ್ನು ಬರುವುದಿಲ್ಲ.

"ಕೊಡತಿ ಸಿಗಲಿಲ್ಲ ಅತ್ತಿಗೆ. ಅದಕ್ಕೇ ಕೈಯಲ್ಲೇ ತಟ್ಟಿದೆ."

"ಅಣ್ಣನ ತಮ್ಮ," ಎಂದಳು ಅವಳು. ತೃಪ್ತಿಯಿಂದ ಟೀ ಊದಿದಳು.

ಹೊಸ ಪಂಪಿಗೆ ಹೊಸ ರಬ್ಬರ್ ಉಂಗುರ ಕೂರಿಸಿದ. ತಂತಿ ಸಿಕ್ಕಿಸಿ, ಪೈಪು ಬಿಗಿದು, ಬ್ಯಾಟರಿ ಜೋಡಿಸಿದ. ಕೀಲಿಯನ್ನು ಕೆಲವು ಸಲ ಬರಿದೇ ತಿರುವಿ ಬಿಡಲು ಹೇಳಿದ, ಪೈಪಿಗೆ ಪೆಟ್ರೋಲು ಏರಲಿ ಎಂದು. ಪ್ರತಿ ಸಲವೂ ಹಿಂದೆ ತೆಳುವಾದ, ಶುದ್ಧವಾದ ದನಿ. ಆಮೇಲೆ ಎಂಜಿನ್ನು ಒಂದೇ ಏಟಿಗೆ ಹತ್ತಿತು.

"ಹತ್ತು. ಒಂದು ಸುತ್ತು ಹೋಗಿ ಬರೋಣ," ಎಂದಳು ಅತ್ತಿಗೆ. "ನಾಳೆಯಿಂದ ಇನ್ನೊಬ್ಬರ ಸೊತ್ತು."

ಬೀದಿ ದಾಟಿ ಅಂಗಡಿಗಳ ರಸ್ತೆಗೆ ಬಂದರು. ಸಂಜೆಯ ಬಿಸಿಲು ಗಾಜಿಗೆ ಬಡಿಯುತ್ತಿತ್ತು. ಅವಳು ಮಾತಾಡುತ್ತಲೇ ಇದ್ದಳು. ಮುಂದೆ ಹೋಗುತ್ತಿದ್ದ ಸೈಕಲ್ಲಿನವನನ್ನು ಬೈದಳು, ಮೈದುನನ ಮದುವೆ ಮಾತೆತ್ತಿ ಕಾಡಿಸಿದಳು, ಹಣ್ಣಿನ ಅಂಗಡಿ ಕಂಡೊಡನೆ ಬದಿಗೆ ನಿಲ್ಲಿಸಿದಳು. "ಆರಿಸಬೇಡ, ಈಗ ಬಂದೆ," ಎಂದು ಇಳಿದಳು.

ಅವನೊಬ್ಬನೇ ಉಳಿದ. ಎಂಜಿನ್ನು ಸಣ್ಣಗೆ ನಡುಗುತ್ತಿತ್ತು. ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ. ಸೀಟಿನಡಿ ಎಲ್ಲೋ ಏನೋ ಮೆತ್ತಗೆ ಬಡಿದಂತಾಯಿತು. ಎರಡು ಸಲ. ಹೊಸದಾಗಿ ಬಿಗಿದ ಪೈಪು ತಗಡಿಗೆ ತಾಗುತ್ತಿರಬಹುದು. ಹಾಗಿದ್ದರೆ ನೋಡಬೇಕು. ನೋಡದೆ ಕೂತಷ್ಟು ಹೊತ್ತೂ ಅದು ಪೈಪಲ್ಲದೆಯೂ ಇರಬಹುದು. ಅತ್ತಿಗೆ ಅವತ್ತು ಕೂತದ್ದು ಹೀಗೆಯೇ ಎಂದು ನೆನಪಾದೊಡನೆ ಅವನು ಬಾಗಿಲು ನೂಕಿ ಇಳಿದ. ರಸ್ತೆಯಲ್ಲೇ ಮಂಡಿಯೂರಿ ಬಗ್ಗಿದ.

ಕೆಳಗೆ ಬರಿಯ ನೆರಳು. ಆಚೆ ಬದಿಯಲ್ಲಿ ಹೋಗಿಬರುವವರ ಪಾದಗಳು. ಪೈಪು ಬಿಗಿಯಾಗಿತ್ತು. ಅವನು ಕೈ ಚಾಚಿ ಟ್ಯಾಂಕಿನ ತಳಕ್ಕೆ ಅಂಗೈ ಇಟ್ಟ. ತಣ್ಣಗಿತ್ತು. ಅದರ ಆಚೆಯಿಂದಲೂ ಯಾರೋ ಅಂಗೈ ಇಟ್ಟಿದ್ದಾರೆ ಎನಿಸಿತು, ತೆಗೆಯಲು ಮನಸ್ಸಾಗಲಿಲ್ಲ.

ಮೇಲೆ ಬಾಗಿಲು ಮುಚ್ಚಿದ ಸದ್ದಾಯಿತು.

"ಕೆಳಗೆ ಏನು ಮಾಡ್ತಿದೀಯಾ? ಸೋರ್ತಿದೆಯಾ?"

ಅವನು ಟ್ಯಾಂಕಿನಿಂದ ಅಂಗೈ ಇನ್ನೂ ತೆಗೆದಿರಲಿಲ್ಲ.

"ಕೇಳ್ತಿದೀನಲ್ಲ?" ಅತ್ತಿಗೆಯ ದನಿ ಥಟ್ಟನೆ ಬದಲಾಯಿತು. ಬಾಗಿಲು ಮತ್ತೆ ತೆರೆಯಿತು, ಅವಳ ಪಾದಗಳು ರಸ್ತೆಗೆ ಇಳಿದವು, ಈ ಸಲ ತಡಮಾಡದೆ. "ಏನಾದ್ರೂ ಹೇಳೋ. ಸುಮ್ಮನಿರಬೇಡ. ಕೆಳಗಿದ್ದವರು ಸುಮ್ಮನಿರಬಾರದು."

"ಇದೀನಿ ಅತ್ತಿಗೆ," ಎಂದ ಅವನು.