ದೊಡ್ಡ ಪರದೆಯೇ ಬೇಕು

ಎಷ್ಟು ಬೆಳಕು ಈ ಅಂಗಡಿಯೊಳಗೆ, ನೆರಳು ಬೀಳಲೂ ಜಾಗವಿಲ್ಲದಷ್ಟು ಬೆಳಕು, ಇಷ್ಟಿದ್ದರೂ ಗಾಜಿನ ಮೇಜಿನ ಆಚೆ ನಿಂತಿರುವ ಹುಡುಗಿಗೆ ಮುಖವಿಲ್ಲ — ಇದೆ, ಇಲ್ಲದೆ ಎಲ್ಲಿ ಹೋಗುತ್ತದೆ, ಮುಖವಿಲ್ಲದವಳನ್ನು ಫೋನು ಮಾರಲು ಯಾರು ಇಟ್ಟುಕೊಳ್ಳುತ್ತಾರೆ, ನಾನು ನೇರ ನೋಡಬಾರದು ಅಷ್ಟೆ, ಒಂದಿಷ್ಟು ಪಕ್ಕಕ್ಕೆ, ಅವಳ ಕಿವಿಯಾಚೆ ಗೋಡೆಯ ಕಡೆ ನೋಡಿದರೆ ಮುಖ ಮೆಲ್ಲಗೆ ಅಂಚಿಗೆ ಬಂದು ನಿಲ್ಲುತ್ತದೆ, ನಾಚಿಕೆಯ ಮಗುವಿನ ಹಾಗೆ, ನೇರ ತಿರುಗಿದೆನೋ ಹೋಯಿತು, ಒದ್ದೆ ಬೆರಳಲ್ಲಿ ಒರೆಸಿದ ಹಾಗೆ ಒಂದು ಬೂದಿ ಬಣ್ಣದ ಕಲೆ, ಕಲೆಯ ಸುತ್ತ ಕೂದಲು, ಕೆಳಗೆ ಅಂಗಡಿಯ ನೀಲಿ ಅಂಗಿ, ಕಲೆಯೊಳಗಿಂದ ಮಾತು. ಯಾವ ರೇಟಲ್ಲಿ ನೋಡ್ತಿದೀರಾ ಸರ್. ನಾನು ಬಾಯಿ ತೆರೆಯುವ ಮೊದಲೇ ಇವಳು, ನನ್ನ ಹೆಂಡತಿ, ಕಡಿಮೇದೇ ತೋರಿಸಮ್ಮ, ಇವರಿಗೆ ಫೋನ್ ಬಂದ್ರೆ ಎತ್ತೋಕೆ ಆದ್ರೆ ಸಾಕು. ಮಗಳು ಇನ್ನೊಂದು ಪಕ್ಕದಲ್ಲಿ ನಿಂತು ನಗುತ್ತಾಳೆ, ನಕ್ಕಿದ್ದು ಕೇಳಿಸಿತು, ಈಚೆಗೆ ಯಾರು ನಕ್ಕರೂ ನನಗೆ ಕೇಳಿಸುತ್ತದೆ, ಕಾಣಿಸುವುದಿಲ್ಲ.

ಫೋನು ಬದಲಾಯಿಸಲೇಬೇಕು ಎಂದು ಮನೆಯಲ್ಲಿ ತೀರ್ಮಾನವಾದದ್ದು ಆ ಮೆಸೇಜಿನಿಂದ. ನಾನು ಶಾಲೆಯ ವ್ಯಾನು ಓಡಿಸುವವನು, ಅಪ್ಪ ಅಮ್ಮಂದಿರು ಫೋನಿಗೆ ಬರೆದು ಹಾಕುತ್ತಿರುತ್ತಾರೆ, ಇವತ್ತು ನಮ್ಮವನಿಗೆ ಜ್ವರ, ಬರಲ್ಲ, ಇವತ್ತು ನಮ್ಮವಳನ್ನ ಚಿಕ್ಕಮ್ಮ ಕರ್ಕೊಂಡು ಹೋಗ್ತಾರೆ, ಹೀಗೆ — ಮುಂದಿನ ಹಲ್ಲು ಬಿದ್ದ ಆ ಪುಟ್ಟಿಯ ತಾಯಿ ಬರೆದಿದ್ದಳಂತೆ, ಮನೆಯಲ್ಲಿ ಯಾರೂ ಇಲ್ಲ, ಅಜ್ಜಿ ಮನೆ ಹತ್ತಿರ ಇಳಿಸಿ ಎಂದು, ನಾನು ಫೋನು ನೋಡಿದೆ, ನೋಡಿದ್ದಂತೂ ನಿಜ, ಇರುವೆ ಸಾಲಿನ ಹಾಗೆ ಏನೋ ಇತ್ತು, ಕಣ್ಣಿಟ್ಟಲ್ಲೆಲ್ಲ ಇರುವೆ ಮಾಯ, ಏನೋ ಗುಡ್ ಮಾರ್ನಿಂಗ್ ಇರಬೇಕು ಎಂದು ಜೇಬಿಗೆ ಹಾಕಿದೆ. ಪುಟ್ಟಿಯನ್ನು ದಿನದ ಹಾಗೆ ಅವರ ಮನೆಯ ಮುಂದೆಯೇ ಇಳಿಸಿ, ಟಾಟಾ ಪೀಪೀ ಮಾಮ ಎಂದವಳಿಗೆ ಟಾಟಾ ಮಾಡಿ ಹೊರಟುಬಿಟ್ಟೆ, ಬೀಗ ಹಾಕಿದ ಬಾಗಿಲ ಮುಂದೆ ಆ ಮಗು ಕತ್ತಲಾಗುವ ತನಕ ಮೆಟ್ಟಿಲ ಮೇಲೆ ಕೂತಿತ್ತು. ಮೆಸೇಜ್ ನೋಡಲ್ವಾ ನೀವು, ರೋಡಲ್ಲಿ ಯಾರಾದ್ರೂ ಎತ್ಕೊಂಡು ಹೋಗಿದ್ರೆ ಏನ್ ಗತಿ — ತಾಯಿ ಫೋನಿನಲ್ಲಿ ಅಳುತ್ತಿದ್ದಳು. ನಾನೆಂದೆ, ಹಳೇ ಫೋನಮ್ಮ, ಪರದೆ ಚಿಕ್ಕದು, ಅಕ್ಷರ ಕಾಣಲ್ಲ. ಎಷ್ಟು ಸಲೀಸಾಗಿ ಬಂತು ಆ ಮಾತು. ಅವಳು ನಂಬಿದಳು, ಇವಳು ನಂಬಿದಳು, ಮಗಳು ನಂಬಿ ಭಾನುವಾರ ಹೊಸ ಫೋನು ತಗೊಳೋಣ ಬಿಡಪ್ಪ ಎಂದಳು, ಭಾನುವಾರ ಏನೋ ಅಡ್ಡ ಬಂದು ಇವತ್ತು ಬಂದಿದ್ದೇವೆ, ಶಾಲೆ ಬಿಡುವುದರೊಳಗೆ ಮುಗಿಸಬೇಕು, ಎಲ್ಲರೂ ನಂಬಿದ ಮೇಲೆ ನಾನೊಬ್ಬ ನಂಬದೆ ಇರುವುದು ಹೇಗೆ, ನಾನೂ ನಂಬಿದೆ — ಪರದೆ ದೊಡ್ಡದಾದರೆ ಅಕ್ಷರ ದೊಡ್ಡದಾಗುತ್ತದೆ, ಅಕ್ಷರ ದೊಡ್ಡದಾದರೆ ಎಲ್ಲ ಮೊದಲಿನಂತೆ.

ಪೀಪೀ ಮಾಮ. ಹಾರನ್ನು ಜಾಸ್ತಿ ಹೊಡೆಯುತ್ತೇನೆಂದು ಮಕ್ಕಳು ಇಟ್ಟ ಹೆಸರು, ಮೊದಲು ಹೊಡೆಯುತ್ತಿರಲಿಲ್ಲ, ಈ ವರ್ಷವೇ ಶುರುವಾದದ್ದು, ದಾರಿ ಖಾಲಿ ಕಂಡರೆ ಹೊಡೆಯುತ್ತೇನೆ, ಖಾಲಿ ಕಂಡಾಗಲೇ ಭಯ.

ಹುಡುಗಿ ಮೂರು ಫೋನು ಸಾಲಾಗಿ ಇಟ್ಟಳು. ಮೊದಲು ಚಿಕ್ಕದು, ಇದು ಜೇಬಲ್ಲಿ ಇದ್ದಿದ್ದೇ ಗೊತ್ತಾಗಲ್ಲ ಸರ್, ರೇಟೂ ಕಡಿಮೆ. ಇವಳಿಗೆ ಅದೇ ಹಿಡಿಸಿತು, ಬೆಲೆ ಕೇಳಿದ ಮೇಲೆ ಇನ್ನೂ ಹಿಡಿಸಿತು, ಕೈಗೆ ತೆಗೆದುಕೊಂಡು ನನ್ನ ಅಂಗಿಯ ಜೇಬಿಗೆ ತಾನೇ ಇಳಿಸಿ ನೋಡಿದಳು, ದರ್ಜಿ ಅಳತೆ ನೋಡುವ ಹಾಗೆ, ಕೂತಿತು ನೋಡಿ, ಹೇಳಿ ಮಾಡಿಸ್ದಂಗಿದೆ. ಅದರ ಪಕ್ಕದ್ದು ಒಂಚೂರು ಅಗಲ, ಮಗಳು ಅದನ್ನು ತಿರುಗಿಸಿ ಮುರುಗಿಸಿ, ಇದರ ಪರದೆ ದೊಡ್ಡದು, ರೇಟು ಹೆಚ್ಚೇನಿಲ್ಲ, ಆದ್ರೆ ಒಳಗಡೆ ಸರಕು ಚೆನ್ನಾಗಿಲ್ಲಪ್ಪ, ಆರು ತಿಂಗಳಿಗೆ ನಿಧಾನ ಆಗ್ಬಿಡುತ್ತೆ, ಅದೇ ದುಡ್ಡಿಗೆ ಚಿಕ್ಕದರಲ್ಲಿ ಒಳ್ಳೇದು ಬರುತ್ತೆ. ಅಂಗಡಿ ಹುಡುಗಿ ನಕ್ಕಳು, ಅಕ್ಕ ಹೇಳೋದು ಸರಿ, ಆದ್ರೆ ಯಾರೂ ಹಂಗೆ ತಗೊಳಲ್ಲ, ಬಂದವರೆಲ್ಲ ಮೊದಲು ರೇಟ್ ಕೇಳ್ತಾರೆ, ಚಿಕ್ಕದು ಸಾಕು ಅಂತಾರೆ, ಒಂದ್ಸಲ ದೊಡ್ಡದನ್ನ ಕೈಗೆ ಕೊಟ್ಟು ನೋಡಿ, ಆಮೇಲೆ ಚಿಕ್ಕದು ಬೆಂಕಿಪೊಟ್ಟಣ ಕಂಡಂಗೆ ಕಾಣುತ್ತೆ ಅವರಿಗೆ, ಕೆಳಗಿಟ್ಟೇ ಬಿಡ್ತಾರೆ. ಅದಕ್ಕೇ ಕೊಡಬೇಡ ಅಂತಿರೋದು ನಾನು, ಎಂದಳು ಇವಳು.

ನಾನು ಆಗಲೇ ಚಿಕ್ಕದನ್ನು ನೋಡಿಯಾಗಿತ್ತು. ಹುಡುಗಿ ಅದರಲ್ಲಿ ಏನೋ ಬರೆದು ತೋರಿಸಿದ್ದಳು, ಓದಿ ಸರ್, ಅಕ್ಷರ ಹೇಗಿದೆ — ಪದಕ್ಕೆ ಪದವೇ ಇರಲಿಲ್ಲ, ಬಿಳಿಯ ನಡುವೆ ಬೂದಿ. ನಡುವಿನದರಲ್ಲಿ ಪದದ ಎಡ ಬಲದ ತುದಿ ಬಂತು, ಹೊಟ್ಟೆ ಇಲ್ಲ. ಮೆಲ್ಲಗೆ ಉಸಿರಾಡಿದೆ, ಹಾಗಾದರೆ ನಿಜ, ದೊಡ್ಡದಾದಷ್ಟೂ ಬರುತ್ತದೆ, ಇನ್ನೂ ದೊಡ್ಡದಾದರೆ ಹೊಟ್ಟೆಯೂ ಬರುತ್ತದೆ. ಇದಕ್ಕಿಂತ ದೊಡ್ಡದು ಕೊಡಮ್ಮ. ಮೂರನೆಯದನ್ನು ಅವಳು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು, ತಟ್ಟೆಯ ಹಾಗೆ, ತಣ್ಣಗೆ, ಭಾರವಾಗಿ, ಬೆಲೆ ಮೊದಲಿನದರ ದುಪ್ಪಟ್ಟು. ಇವಳು ಸುಮ್ಮನಿರುತ್ತಾಳೆಯೇ, ಮನೇಲಿ ಟೀವಿ ಇದೆಯಲ್ಲ, ಅದನ್ನೇ ಕತ್ತಿಗೆ ನೇತಾಕ್ಕೊಂಡು ಹೋಗಿ. ಅಂಗಡಿಯಲ್ಲಿದ್ದ ಇನ್ಯಾರೋ ನಕ್ಕರು. ನಾನೂ ನಗಬೇಕು, ನಕ್ಕೆ. ಇದೇ ಬೇಕು ನನಗೆ. ಯಾಕ್ರೀ, ಈ ವಯಸ್ಸಲ್ಲಿ ಏನ್ ಶೋಕಿ. ಬೇಕು ಅಂದ್ನಲ್ಲ. ಮನೆಯಲ್ಲಿ ಒಂದು ಅಂಗಿಯನ್ನೂ ಹೀಗೆ ಹಟ ಹಿಡಿದು ಕೊಂಡವನಲ್ಲ ನಾನು, ಇವಳ ದನಿ ಕೆಳಗಿಳಿಯಿತು, ಇಷ್ಟು ಆಸೆ ಇದ್ರೆ ಮೊದಲೇ ಹೇಳ್ಬಾರ್ದಾ, ತಗೊಳ್ಳಿ. ಆಸೆ ಎಂದುಕೊಂಡಳು. ಪಾಪ, ಆಸೆ ಎಂದುಕೊಂಡಳು, ನಾನೊಬ್ಬನೇ ಹೋಗಿದ್ದಾಗ ಕನ್ನಡಕದ ಅಂಗಡಿಯವನು ಹೇಳಿದ್ದು ಇವಳಿಗೇನು ಗೊತ್ತು, ಆ ಮನುಷ್ಯ ನನ್ನ ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದ, ಬಹಳ ಹೊತ್ತು ನೋಡುವವರನ್ನು ಕಂಡರೆ ನನಗಾಗದು, ಕನ್ನಡಕದಿಂದ ಸರಿ ಹೋಗೋದಲ್ಲ ಇದು, ಕಣ್ಣಿನ ಹಿಂದೆ ಏನೋ ಆಗಿದೆ, ಎರಡೂ ಕಣ್ಣು, ದೊಡ್ಡ ಆಸ್ಪತ್ರೆಗೆ ತೋರಿಸಿ, ತಡ ಮಾಡಬೇಡಿ, ಗಾಡಿ ಏನಾದ್ರೂ ಓಡಿಸ್ತೀರಾ. ಇಲ್ಲ, ದಿನಸಿ ಅಂಗಡಿ ಇದೆ ನಂದು, ಎಂದೆ. ದಿನಸಿ ಅಂಗಡಿ! ಮನೆಗೆ ಬರುವ ದಾರಿಯುದ್ದಕ್ಕೂ ಆ ಅಂಗಡಿಯಲ್ಲೇ ಇದ್ದೆ, ಡಬ್ಬಗಳನ್ನು ಜೋಡಿಸುತ್ತಾ, ಯಾರಿಗೂ ಏನೂ ಆಗದ ಕಡೆ.

ದೊಡ್ಡದರಲ್ಲಿ ಕ್ಯಾಮೆರಾ ನೋಡಿ ಸರ್, ಎಷ್ಟು ಚೆನ್ನಾಗಿ ಬರುತ್ತೆ, ಅಕ್ಕ ಅಮ್ಮ ಇಬ್ಬರೂ ಹತ್ತಿರ ನಿಂತ್ಕೊಳಿ. ತಾಯಿ ಮಗಳು ಏನೋ ಗುಸುಗುಸು ಮಾಡಿದರು, ನಕ್ಕರು, ಕ್ಲಿಕ್ ಎಂದಿತು, ಹುಡುಗಿ ಫೋನನ್ನು ನನ್ನ ಮುಖದ ಹತ್ತಿರ ತಂದಳು, ಇಡೀ ಪರದೆಯ ತುಂಬ ಇವರಿಬ್ಬರು — ಈಗ ಬರಬೇಕು, ಇಷ್ಟು ದೊಡ್ಡದಾಗಿದೆ, ಬಾ ಎಂದೆ ಮನಸ್ಸಿನಲ್ಲಿ, ಬಂದದ್ದು ಮಗಳ ಹಳದಿ ಭುಜ, ಇವಳ ಸೀರೆಯ ಅಂಚು, ಹಿಂದಿನ ಗೋಡೆಯ ದೀಪಗಳು, ಮೂಲೆ ಮೂಲೆಯೂ ಬಂತು, ದೀಪದೊಳಗಿನ ತಂತಿ ಬೇಕಾದರೂ ಬಂದೀತು, ಎಲ್ಲಿ ನೋಡಬೇಕೋ ಅಲ್ಲಿ ಮಾತ್ರ ಯಾರೋ ಒರೆಸಿಟ್ಟಿದ್ದಾರೆ. ನೋಟ ಆಚೆ ಸರಿಸಿದರೆ ಕಲೆಯೂ ಆಚೆ ಸರಿಯುತ್ತದೆ, ಪರದೆಯ ಮೇಲಿಲ್ಲ ಅದು, ನನ್ನ ಜೊತೆ ನಡೆಯುತ್ತದೆ. ಹೇಗಿದೆ ಸರ್. ಏನಾದರೂ ಹೇಳಬೇಕಲ್ಲ. ಚೆನ್ನಾಗಿದೆ, ನಿಮ್ಮಮ್ಮ ಎಷ್ಟು ಚೆನ್ನಾಗಿ ನಗ್ತಿದಾಳೆ ನೋಡು. ಅಯ್ಯೋ, ಇವರ ತಲೆ, ಎಂದಳು ಇವಳು, ನಾನೆಲ್ಲಿ ನಗ್ತಿದೀನಿ, ನಿಮ್ಮ ಮಗಳು ನನ್ನ ಮುಖಕ್ಕೆ ಫೋನಿನ ಡಬ್ಬ ಅಡ್ಡ ಹಿಡಿದಿದಾಳಲ್ಲ, ಡಬ್ಬ ನಗ್ತಿದೆಯಾ. ಇವಳೂ ಹುಡುಗಿಯೂ ಬಿದ್ದು ಬಿದ್ದು ನಕ್ಕರು. ಮಗಳು ನಗಲಿಲ್ಲ. ಅಷ್ಟು ಸದ್ದಿನಲ್ಲೂ ಅವಳು ನಗದಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಪ್ಪ, ಎಂದಳು. ತಮಾಷೆ ಮಾಡಿದೆ ಕಣೆ, ಎಂದೆ. ಅಪ್ಪ, ಈ ಫೋಟೋದಲ್ಲಿ ನಾನೇನ್ ಮಾಡ್ತಿದೀನಿ ಹೇಳು. ಸ್ಕೂಲ್ ಬಿಡೋ ಹೊತ್ತಾಯ್ತು, ನೀವು ದುಡ್ಡು ಕೊಟ್ಟು ಬನ್ನಿ, ನಾನು ಗಾಡಿ ತಿರುಗಿಸಿರ್ತೀನಿ.

ಬಾಗಿಲ ಗಾಜು ಎಲ್ಲಿದೆಯೆಂದು ಕೈಯಿಂದ ನೋಡಿ ಹೊರಬಂದೆ, ಬಿಸಿಲು, ಬಿಸಿಲಲ್ಲಿ ಇನ್ನೂ ಕಷ್ಟ, ಎದುರಿನ ದೀಪದ ಕಂಬ ನಡುವಿನಲ್ಲಿ ಸೊಂಟ ಬಾಗಿಸಿ ನಿಂತಿದೆ, ಕಂಬ ಬಾಗುವುದಿಲ್ಲ, ಗೊತ್ತು, ವ್ಯಾನು ಮಾತ್ರ ಹಳದಿ, ದೊಡ್ಡದು, ಅದರ ಬಾಗಿಲಿನ ಹಿಡಿ ಕೈಗೆ ತಾನೇ ಬಂದು ಸೇರುತ್ತದೆ, ಸೀಟಿನ ಹಳ್ಳ ನನ್ನ ಅಳತೆಯದೇ. ಒಳಗೆ ಕೂತರೆ ಧೈರ್ಯ. ಮಗಳಿಗೆ ಏನು ಹೇಳಬೇಕು, ಕಣ್ಣಿಗೆ ಧೂಳು ಬಿದ್ದಿತ್ತು ಎನ್ನಬೇಕು, ಸಂಜೆ ಹೇಳುತ್ತೇನೆ, ಇಲ್ಲ, ಶಾಲೆಗೆ ರಜೆ ಬಂದಾಗ ಹೇಳುತ್ತೇನೆ, ರಜೆಯಲ್ಲಿ ಆಸ್ಪತ್ರೆಗೂ ಹೋಗಬಹುದು, ಅಲ್ಲಿಯ ತನಕ ನಿಧಾನಕ್ಕೆ, ಗೊತ್ತಿರುವ ದಾರಿಯೇ ತಾನೆ, ಬೆಳಗ್ಗೆ — ಬೆಳಗಿನದು ಬೇಡ — ಬೆಳಗ್ಗೆ ತಿರುವಿನಲ್ಲಿ ದಾರಿ ಖಾಲಿ ಇತ್ತು, ಖಾಲಿಯೇ ಇತ್ತು, ಆಮೇಲೆ ಪಕ್ಕದಿಂದ ಸೈಕಲ್ಲಿನ ಬೆಲ್ಲು, ಒಬ್ಬ ಮನುಷ್ಯ ಚರಂಡಿಯ ಕಡೆ ಕಾಲೂರಿ, ಕಣ್ಣು ಕಾಣಲ್ವಾ ನಿಂಗೆ ಎಂದು ಕೂಗಿದ, ಎಲ್ಲರೂ ಎಲ್ಲರಿಗೂ ಕೂಗುವ ಮಾತು ಅದು, ಹಿಂದೆ ಮಕ್ಕಳು ಹೋ ಎಂದು ನಕ್ಕವು, ಪೀಪೀ ಮಾಮ ಬೈಸ್ಕೊಂಡ್ರು, ಪೀಪೀ ಮಾಮ ಬೈಸ್ಕೊಂಡ್ರು. ಕೀಲಿ ತಿರುಗಿಸಿದೆ. ಅಭ್ಯಾಸದಂತೆ ಎಡಗಡೆ ಕನ್ನಡಿ, ಬಲಗಡೆ ಕನ್ನಡಿ, ಮುಂದಿನ ಗಾಜು ಮನೆಯ ಬಾಗಿಲಷ್ಟು ಅಗಲ, ಇದಕ್ಕಿಂತ ದೊಡ್ಡ ಪರದೆ ಯಾವ ಅಂಗಡಿಯಲ್ಲಿ ಸಿಗುತ್ತದೆ, ಬಲಕ್ಕೆ ಹಣ್ಣಿನ ಗಾಡಿ, ಎಡಕ್ಕೆ ನಿಲ್ಲಿಸಿದ ಬೈಕುಗಳು, ನಡುವೆ ಖಾಲಿ. ಹಾರನ್ನು ಹೊಡೆದೆ. ಖಾಲಿ. ಕ್ಲಚ್ಚು ಬಿಟ್ಟೆ, ಗಾಡಿ ಒಂದು ಮಾರು ಮುಂದೆ ಹೋಯಿತು.

ಧಡ್. ಗಾಜಿನ ಮೇಲೆ. ಬ್ರೇಕಿನ ಮೇಲೆ ನಿಂತೇ ಬಿಟ್ಟೆ, ಎಂಜಿನ್ನು ಕೆಮ್ಮಿ ಸತ್ತಿತು, ಗಾಜಿನ ಮೇಲೆ ಎರಡು ಅಂಗೈ, ಒತ್ತಿ ಬೆಳ್ಳಗಾದ ಎರಡು ಅಂಗೈ, ಎಡಗೈ ಎಡಕ್ಕೆ ಬಲಗೈ ಬಲಕ್ಕೆ, ನಡುವೆ ಯಾರೂ ಇಲ್ಲ. ಅಪ್ಪಾ. ನಡುವೆ ಯಾರೂ ಇಲ್ಲದ ಕಡೆಯಿಂದ ಮಗಳ ದನಿ. ಅಪ್ಪಾ, ನೀನು ಬಾಗಿಲು ಹಾಕಿದಾಗಿಂದ ಇಲ್ಲೇ ನಿಂತಿದೀನಿ, ಕೈ ಬೀಸ್ತಾ ಇದೀನಿ, ನನ್ನನ್ನೇ ನೋಡ್ತಿದ್ದೆ ನೀನು, ನನ್ನ ಮುಖಾನೇ ನೋಡ್ಕೊಂಡು ಬಂದೆ. ಹೂಂ, ಅವಳ ಮುಖವನ್ನೇ ನೋಡಿಕೊಂಡು ಹೋದೆ. ಆಮೇಲೆ ನನ್ನ ಪಕ್ಕದ ಬಾಗಿಲು ತೆರೆಯಿತು, ಕೀಲಿ ಕೊಡಪ್ಪ, ಎಂದಳು, ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು, ಎಷ್ಟು ದಿನದಿಂದಪ್ಪ, ಎಂದು ಮಾತ್ರ ಕೇಳಿದಳು, ನಾನು ಕೀಲಿಯನ್ನು ದನಿ ಬಂದ ಕಡೆ ಹಿಡಿದೆ, ತೆಗೆದುಕೊಂಡಳು. ಶಾಲೆಗೆ ಫೋನು ಮಾಡುತ್ತಿದ್ದಾಳೆ ಈಗ, ಇಲ್ಲ ಮೇಡಂ, ಅಪ್ಪ ಇವತ್ತು ಬರೋಕಾಗಲ್ಲ, ಬೇರೆ ಗಾಡಿ ನೋಡಿ, ಇವತ್ತಲ್ಲ, ಇನ್ಮೇಲೆ ಬರಲ್ಲ, ಮಕ್ಕಳನ್ನ ಗೇಟ್ ಹೊರಗೆ ಬಿಡಬೇಡಿ. ಇವಳು ಹೊಸ ಫೋನಿನ ಚೀಲ ಹಿಡಿದುಕೊಂಡು ಬರುತ್ತಿದ್ದಾಳೆ, ಯಾಕೆ ಗಾಡಿ ನಿಲ್ಸಿದ್ರಿ, ಏನಾಯ್ತು, ಯಾರಾದ್ರೂ ಹೇಳ್ರೋ, ನಾನು ಹೇಳಬೇಕು, ಹೇಳುತ್ತೇನೆ, ಒಂದು ನಿಮಿಷ, ಮಗಳು ಎತ್ತರ, ನನ್ನಷ್ಟೇ ಎತ್ತರ, ಅವಳ ಕೈ ಗಾಜಿಗೆ ಎಟುಕಿತು, ನನ್ನ ಗಾಡಿ ಹತ್ತುವ ಮಕ್ಕಳಲ್ಲಿ ಯಾರ ಕೈಯೂ ಅಲ್ಲಿಯ ತನಕ ಎಟುಕುವುದಿಲ್ಲ, ತಿರುವಿನಲ್ಲಿ, ಗೇಟಿನಲ್ಲಿ, ಖಾಲಿ ಎಂದುಕೊಂಡು ಎಷ್ಟು ಸಲ, ಗಾಜಿನ ಮೇಲೆ ಏನೂ ಬೀಳದೆ ಎಷ್ಟು ಸಲ — ಬಿಸಿಲು ಬಿದ್ದು ಗಾಜು ಹೊಳೆಯುತ್ತಿದೆ, ಧೂಳಿನಲ್ಲಿ ಎರಡು ಅಂಗೈ ಹಾಗೇ ಅಚ್ಚಾಗಿ ಉಳಿದಿದೆ, ಐದೈದು ಬೆರಳೂ ಕಾಣುತ್ತದೆ, ಎಡಕ್ಕೆ ಒಂದು, ಬಲಕ್ಕೆ ಒಂದು, ನಡುವೆ ಯಾರೂ ಇಲ್ಲ, ಎರಡು ಅಂಗೈ, ನಡುವೆ ಯಾರೂ